ತಟ್ಟಿದವರೆಲ್ಲ ಒಳಗೆ ಬಂದವರಲ್ಲ



ನಮ್ಮ ಕೆಸರೆಯ ಓಣಿಗಳಲ್ಲಿ ಈಗ ಅನೇಕ ಮನೆಗಳಿಗೆ ವೈಫೈ ಬಂದಿದೆ. 2020ರಲ್ಲಿ ಕೊರೋನಾದಿಂದ ಶಾಲೆಗಳು ಮುಚ್ಚಿ, ಮಕ್ಕಳ ಪಾಠ ಮೊಬೈಲಿಗೆ ಬಂದಾಗಿನಿಂದ ಅದು ಅಕ್ಕಿ ಬೇಳೆಯಷ್ಟೇ ಅಗತ್ಯವಾಗಿಬಿಟ್ಟಿದೆ. ಗೋಡೆಯ ಮೇಲೆ ದೀಪ ಮಿನುಗಿಸುತ್ತಾ ಕುಳಿತಿರುವ ರೂಟರ್ ಮನೆಯ ಕಾವಲುಗಾರನಿದ್ದಂತೆ. ಯಾರು ಬಂದರು, ಯಾರನ್ನು ತಡೆದೆ ಎಂದು ಅದು ಬರೆದಿಡುವ ದಿನಚರಿಗೆ ‘ಲಾಗ್’ ಎನ್ನುತ್ತಾರೆ.

ಕಾಲೇಜಿಗೆ ಹೋಗುವ ಮಗ ಒಂದು ದಿನ ಅದನ್ನು ತೆರೆದು, “ಅಮ್ಮೀ, ನಮ್ಮ ಮೇಲೆ ಅಟ್ಯಾಕ್ ಆಗಿದೆ” ಎಂದರೆ ನಿಮ್ಮ ಎದೆ ಝಲ್ಲೆನ್ನುವುದು ಸಹಜ. ಆದರೆ ಗಾಬರಿಯಾಗಬೇಡಿ. ‘ಪೋರ್ಟ್ ಸ್ಕ್ಯಾನ್’, ‘ಡಾಸ್ ಅಟ್ಯಾಕ್’ ಎಂಬ ಸಾಲುಗಳು ಹೆಚ್ಚಿನ ರೂಟರ್‌ಗಳಲ್ಲಿ ದಿನವೂ ಕಾಣುತ್ತವೆ. ಹಳೆಯ ಪದ್ಧತಿಯ ಇಂಟರ್ನೆಟ್ ವಿಳಾಸಗಳು ಸುಮಾರು 430 ಕೋಟಿ. ಒಂದೇ ಕಂಪ್ಯೂಟರಿನಿಂದ ಒಂದು ಗಂಟೆಯೊಳಗೆ ಇವನ್ನೆಲ್ಲ ತಟ್ಟಿ ಬರಬಹುದೆಂದು ಅಮೆರಿಕದ ಮಿಶಿಗನ್ ವಿಶ್ವವಿದ್ಯಾನಿಲಯದ ಸಂಶೋಧಕರು 2013ರಲ್ಲೇ ತೋರಿಸಿದ್ದಾರೆ. ತಟ್ಟುವವನಿಗೆ ನಿಮ್ಮ ಹೆಸರೂ ಗೊತ್ತಿಲ್ಲ, ಮನೆಯೂ ಗೊತ್ತಿಲ್ಲ. ಸಾಲಿನ ಕೊನೆಯಲ್ಲಿ ‘ಬ್ಲಾಕ್ಡ್’ ಅಥವಾ ‘ಡ್ರಾಪ್ಡ್’ ಎಂದಿದ್ದರೆ ಕಾವಲುಗಾರ ಬಾಗಿಲು ತೆರೆಯಲಿಲ್ಲ ಎಂದೇ ಅರ್ಥ.

ಹಾಗೆಂದು ಬೀಗವನ್ನೇ ಮರೆಯುವಂತಿಲ್ಲ. 2017ರ ಜುಲೈಯಲ್ಲಿ ನಮ್ಮ ಕರ್ನಾಟಕದಲ್ಲೇ ಬಿಎಸ್ಸೆನ್ನೆಲ್‌ನ ಸಾವಿರಾರು ಬ್ರಾಡ್‌ಬ್ಯಾಂಡ್ ಮೋಡೆಮ್‌ಗಳು ದುಷ್ಟ ತಂತ್ರಾಂಶಕ್ಕೆ ಸಿಕ್ಕಿ ಸ್ಥಗಿತಗೊಂಡವು. ಕಂಪೆನಿಯಿಂದ ಬಂದಾಗ ಇದ್ದ ‘ಅಡ್ಮಿನ್’ ಎಂಬ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಮೋಡೆಮ್‌ಗಳು ಅದಕ್ಕೆ ಸುಲಭವಾಗಿ ಬಲಿಯಾದವು. ಪಾಸ್‌ವರ್ಡ್ ಬದಲಿಸಿರೆಂದು ಸಂಸ್ಥೆಯೇ ಗ್ರಾಹಕರನ್ನು ಕೇಳಿಕೊಂಡಿತು.

ಇನ್ನೊಂದು ಅಪಾಯ ನಮ್ಮ ಮನಸ್ಸಿನೊಳಗಿದೆ. ಲಾಗ್‌ನಲ್ಲಿ ಗುರುತಿಲ್ಲದ ಮೊಬೈಲ್ ಕಂಡೊಡನೆ ಪಕ್ಕದ ಮನೆಯ ಹುಡುಗನನ್ನು ಕಳ್ಳನೆಂದುಬಿಡುತ್ತೇವೆ. ಸ್ವಲ್ಪ ತಾಳಿ. 2019ರ ಆಂಡ್ರಾಯ್ಡ್ 10 ಮತ್ತು 2020ರ ಐಫೋನ್ ತಂತ್ರಾಂಶದ ನಂತರ ಮೊಬೈಲ್‌ಗಳು ವೈಫೈಗೆ ತಮ್ಮ ನಿಜವಾದ ಗುರುತಿನ ಸಂಖ್ಯೆಯ ಬದಲು ಬೇರೊಂದನ್ನು ಕೊಡುತ್ತವೆ. ಆ ‘ಅಪರಿಚಿತ’ ನಿಮ್ಮ ಮಗಳ ಮೊಬೈಲೇ ಆಗಿರಬಹುದು. ‘ತಪ್ಪು ಪಾಸ್‌ವರ್ಡ್’ ಎಂಬ ಸಾಲು ಪದೇ ಪದೇ ಬರುತ್ತಿದೆಯೇ? ಹಿಂದೊಮ್ಮೆ ನೀವೇ ಪಾಸ್‌ವರ್ಡ್ ಕೊಟ್ಟಿದ್ದ ನೆರೆಯವರ ಫೋನ್, ನೀವು ಅದನ್ನು ಬದಲಿಸಿದ ಮೇಲೂ ತಾನಾಗಿಯೇ ಯತ್ನಿಸುತ್ತಿರಬಹುದು. ‘1970 ಜನವರಿ 1’ ಎಂಬ ತಾರೀಕು ಕಂಡರೆ ಅದು ಭೂತವಲ್ಲ. ಕರೆಂಟು ಹೋಗಿ ಬಂದಾಗ ರೂಟರ್ ಗಡಿಯಾರ ಮರೆತಿರುತ್ತದೆ. ಇಂಥ ಒಂದು ಸಾಲಿಗಾಗಿ ವರ್ಷಗಳ ನೆರೆಹೊರೆ ಕೆಡಬಾರದು.

ಹಾಗಾದರೆ ಯಾವಾಗ ಎಚ್ಚರಗೊಳ್ಳಬೇಕು? ಮನೆಯವರು ಯಾರೂ ಮುಟ್ಟದಿದ್ದಾಗ ‘ಅಡ್ಮಿನ್ ಲಾಗಿನ್ ಸಕ್ಸಸ್’ ಎಂದು ಬಂದಿದ್ದರೆ. ನಿಮಗೆ ತಿಳಿಯದೆ ‘ಡಿಎನ್‌ಎಸ್’ ಬದಲಾಗಿದ್ದರೆ. ಮನೆಯ ಎಲ್ಲ ಮೊಬೈಲ್, ಟಿವಿ, ಕ್ಯಾಮರಾ ಲೆಕ್ಕ ಹಾಕಿದ ಮೇಲೂ ಒಂದು ಸಾಧನ ಹೆಚ್ಚಾಗಿ ಉಳಿದರೆ. ಆಗ ರೂಟರಿನ ಅಡ್ಮಿನ್ ಪಾಸ್‌ವರ್ಡ್ ಮತ್ತು ವೈಫೈ ಪಾಸ್‌ವರ್ಡ್ ಎರಡನ್ನೂ ಬದಲಿಸಿ. ಇವೆರಡೂ ಬೇರೆ ಬೇರೆ ಬೀಗಗಳು ಎಂಬುದು ನೆನಪಿರಲಿ. ರೂಟರಿನ ತಂತ್ರಾಂಶವನ್ನು ಹೊಸದಾಗಿಸಿ. ರಿಸೆಟ್ ಗುಂಡಿ ಒತ್ತುವ ಮೊದಲು ಸಂಪರ್ಕ ಕೊಟ್ಟವರನ್ನು ಕೇಳಿ. ಇಲ್ಲದಿದ್ದರೆ ಇಂಟರ್ನೆಟ್ಟೇ ನಿಂತುಹೋಗಬಹುದು.

“ನಿಮ್ಮ ರೂಟರ್ ಹ್ಯಾಕ್ ಆಗಿದೆ, ಈ ಆ್ಯಪ್ ಹಾಕಿಕೊಳ್ಳಿ, ಒಟಿಪಿ ಹೇಳಿ” ಎಂದು ಯಾರಾದರೂ ಫೋನ್ ಮಾಡಿದರೆ ಕೂಡಲೇ ಕರೆ ಕಡಿದುಬಿಡಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ರಾತ್ರಿ ಮಲಗುವ ಮುನ್ನ ಚಿಲಕ ನೋಡುವುದು ನಮ್ಮ ಅಭ್ಯಾಸವಲ್ಲವೇ? ತಿಂಗಳಿಗೊಮ್ಮೆ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಈ ಚಿಲಕವನ್ನೂ ನೋಡಿ.