ದರ ಫಲಕದ ಬೀಗದ ಕೈ ಯಾರಲ್ಲಿರಬೇಕು?

ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳ ಅಡಿಕೆ ವಹಿವಾಟಿನಲ್ಲಿ ದರ ಫಲಕಕ್ಕೆ ವಿಶೇಷವಾದ ಸ್ಥಾನವಿದೆ. ಸರಕು, ಬೆಟ್ಟೆ, ರಾಶಿ, ಗೊರಬಲು ಎಂಬ ಹೆಸರುಗಳ ಮುಂದೆ ಬರೆದ ಅಂಕಿಯನ್ನು ನೋಡಿಯೇ ಬೆಳೆಗಾರನು ಮೂಟೆಯನ್ನು ಇಳಿಸಬೇಕೋ, ಇನ್ನೊಂದು ವಾರ ಕಾಯಬೇಕೋ ಎಂದು ತೀರ್ಮಾನಿಸುತ್ತಾನೆ. ಆ ಅಂಕಿ ವರ್ತಕನು ಕೊಟ್ಟ ಮಾತಿಗೆ ಸಮಾನ. ಕಪ್ಪು ಹಲಗೆಯ ಕಾಲದಲ್ಲಿ ಈ ಮಾತನ್ನು ಬರೆಯುವವರು ಯಾರು ಎಂಬ ಪ್ರಶ್ನೆಯೇ ಏಳುತ್ತಿರಲಿಲ್ಲ. ಸೀಮೆಸುಣ್ಣ ಗುಮಾಸ್ತರ ಮೇಜಿನಲ್ಲಿರುತ್ತಿತ್ತು. ಅವರ ಅಕ್ಷರದ ಪರಿಚಯ ಊರಿಗೆಲ್ಲ ಇರುತ್ತಿತ್ತು. ಬೇರೆಯವರು ಬಂದು ಅಂಕಿ ತಿದ್ದಿದರೆ ಎದುರು ಅಂಗಡಿಯವರಿಗೂ ಗೊತ್ತಾಗುತ್ತಿತ್ತು.

ಈಗ ಹಲಗೆಯ ಸ್ಥಳಕ್ಕೆ ವಿದ್ಯುನ್ಮಾನ ಫಲಕಗಳು ಬರತೊಡಗಿವೆ. ಮಂಡಿ, ಜವಳಿ ಅಂಗಡಿ, ಚಿನ್ನಾಭರಣ ಮಳಿಗೆ, ಯಾತ್ರಿಕರ ವಸತಿಗೃಹ, ಸಹಕಾರ ಸಂಘ, ಹೀಗೆ ಎಲ್ಲೆಡೆ ಒಂದೊಂದು ಪರದೆ. ಆ ಪರದೆಯ ಹಿಂದೆ ಒಂದು ತಂತ್ರಾಂಶ. ಅದರ ಮೂಲಕ ಶಿವಮೊಗ್ಗದಲ್ಲಿ ಕುಳಿತವರೂ ಕೊಪ್ಪದ ಫಲಕದ ಬರಹವನ್ನು ಬದಲಾಯಿಸಬಹುದು. ಅನುಕೂಲ ದೊಡ್ಡದು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಫಲಕ ಕೊಳ್ಳುವಾಗ ನಮ್ಮ ವರ್ತಕ ಬಂಧುಗಳು ಅದರ ಅಳತೆ, ಬೆಳಕು, ಬೆಲೆ ಮತ್ತು ಖಾತರಿಯ ಅವಧಿಯನ್ನು ವಿಚಾರಿಸುತ್ತಾರೆಯೇ ಹೊರತು, ಇದರ ಮೇಲೆ ಬರೆಯುವ ಅಧಿಕಾರ ಯಾರು ಯಾರಿಗೆ ಇರುತ್ತದೆ ಎಂದು ಕೇಳುವವರು ವಿರಳ. ಉತ್ತಮ ದರ್ಜೆಯ ತಂತ್ರಾಂಶಗಳಲ್ಲಿ ಬಳಕೆದಾರರ ಪಾತ್ರ ಮತ್ತು ಅನುಮತಿಗಳನ್ನು ನಿಗದಿಪಡಿಸುವ ವ್ಯವಸ್ಥೆ ಇದ್ದೇ ಇದೆ. ಅದನ್ನು ತೆರೆದು ನೋಡುವವರಿಲ್ಲ. ಇಡೀ ಸಂಸ್ಥೆಗೆ ಒಂದೇ ಪಾಸ್‌ವರ್ಡ್, ಅದನ್ನು ಬರೆದ ಚೀಟಿ ಗಲ್ಲಾಪೆಟ್ಟಿಗೆಯ ಪಕ್ಕದ ಗೋಡೆಯ ಮೇಲೆ!

ಇದರಿಂದ ಏನಾಗಬಹುದು ಎಂಬುದನ್ನು ಊಹಿಸುವ ಅಗತ್ಯವಿಲ್ಲ. 2023ರ ಮಾರ್ಚ್ 19ರಂದು ಪಾಟ್ನಾ ರೈಲು ನಿಲ್ದಾಣದ ಟಿವಿ ಪರದೆಗಳಲ್ಲಿ ಜಾಹೀರಾತಿನ ಬದಲು ಅಶ್ಲೀಲ ದೃಶ್ಯಗಳು ಸುಮಾರು ಮೂರು ನಿಮಿಷ ಪ್ರಸಾರವಾದವು. ಮಕ್ಕಳು ಮರಿಗಳೊಂದಿಗೆ ನಿಂತಿದ್ದ ಪ್ರಯಾಣಿಕರ ಎದುರು ನಡೆದ ಈ ಪ್ರಕರಣದಲ್ಲಿ, ಪ್ರಸಾರದ ಗುತ್ತಿಗೆ ಪಡೆದಿದ್ದ ಸಂಸ್ಥೆಯ ಮೇಲೆ ರೈಲ್ವೆ ಇಲಾಖೆ ಕ್ರಮ ಕೈಗೊಂಡಿತು. ಪಾಟ್ನಾ ದೂರದ ಮಾತಾಯಿತು ಎನ್ನುವವರಿಗೆ ಹತ್ತಿರದ ನಿದರ್ಶನವೂ ಇದೆ. 2025ರ ಮೇ ತಿಂಗಳಲ್ಲಿ ಬೆಂಗಳೂರಿನ ಕೋರಮಂಗಲದ ವಸತಿಗೃಹವೊಂದರ ಎಲ್‌ಇಡಿ ಫಲಕದಲ್ಲಿ ಕನ್ನಡಿಗರನ್ನು ನಿಂದಿಸುವ ಬರಹ ಹರಿದಾಡಿತು. ಅದರ ಚಿತ್ರ ಕ್ಷಣಾರ್ಧದಲ್ಲಿ ರಾಜ್ಯದ ತುಂಬ ಹಬ್ಬಿತು, ಪೊಲೀಸರು ಪ್ರಕರಣ ದಾಖಲಿಸಿ ಅಲ್ಲಿನ ಸಿಬ್ಬಂದಿಯನ್ನು ವಶಕ್ಕೆ ಪಡೆದರು. ಅಂತಹ ಗಳಿಗೆಯಲ್ಲಿ ‘ಇದನ್ನು ನಾವು ಬರೆಯಲಿಲ್ಲ’ ಎಂದು ಯಾವ ಮಾಲೀಕನಾದರೂ ಹೇಳಬಹುದು. ಆ ಮಾತಿಗೆ ಆಧಾರ ಒದಗಿಸಬಲ್ಲದ್ದು ಒಂದೇ: ಫಲಕದ ಮೇಲೆ ಬರೆಯಬಲ್ಲವರು ಯಾರು, ಆ ಹೊತ್ತಿನಲ್ಲಿ ಬರೆದವರು ಯಾರು ಎಂಬುದನ್ನು ತೋರಿಸುವ ದಾಖಲೆ. ಒಂದೇ ಪಾಸ್‌ವರ್ಡನ್ನು ಎಂಟು ಮಂದಿ ಹಂಚಿಕೊಂಡಿರುವ ಕಡೆ ಇಂತಹ ದಾಖಲೆ ಹುಟ್ಟುವುದೇ ಇಲ್ಲ.

ವಿಚಿತ್ರವೆಂದರೆ, ಅಧಿಕಾರವನ್ನು ಹಂಚಿಕೊಡುವ ಈ ಕ್ರಮ ನಮ್ಮ ವರ್ತಕರಿಗೆ ಹೊಸದಲ್ಲ. ಗುಮಾಸ್ತರು ಬರೆದ ಲೆಕ್ಕಕ್ಕೆ ಸಾಹುಕಾರರ ಸಹಿ ಬೀಳುವ ಪದ್ಧತಿ ಅಜ್ಜನ ಕಾಲದ್ದು. ಬ್ಯಾಂಕಿನ ಭದ್ರತಾ ಕೊಠಡಿ ಇಬ್ಬರ ಕೀಲಿಕೈ ಕೂಡಿದಲ್ಲದೆ ತೆರೆಯದು. ಟ್ಯಾಲಿ ಬಳಸುವ ಕಚೇರಿಯಲ್ಲಿ ಮಾಲೀಕರ ಪ್ರವೇಶ ಬೇರೆ, ಲೆಕ್ಕ ನಮೂದಿಸುವವರ ಪ್ರವೇಶ ಬೇರೆ. 2018ರ ಏಪ್ರಿಲ್‌ನಿಂದ ಕಡ್ಡಾಯವಾದ ಇ-ವೇ ಬಿಲ್ ವ್ಯವಸ್ಥೆಯನ್ನೇ ನೋಡಿ. ಅಡಿಕೆ ಲಾರಿ ಹೊರಡುವ ಮುನ್ನ ಬಿಲ್ ತಯಾರಿಸುವ ನೌಕರನಿಗೆ ಉಪ-ಬಳಕೆದಾರನೆಂದು ಪ್ರತ್ಯೇಕ ಹೆಸರು ಕೊಡಬಹುದು. ಅವನು ಯಾವ ಕೆಲಸ ಮಾಡಬಹುದು, ಯಾವ ಕೆಲಸ ಮಾಡಬಾರದು, ಯಾವ ಶಾಖೆಯ ವ್ಯವಹಾರಕ್ಕೆ ಮಾತ್ರ ಸೀಮಿತ ಎಂಬುದನ್ನು ಮಾಲೀಕನೇ ಗುರುತಿಸಬಹುದು. ರಾಜ್ಯದ ಕೃಷಿ ಮಾರುಕಟ್ಟೆಗಳಲ್ಲಿ 2014ರಿಂದ ಜಾರಿಗೆ ಬಂದ ಏಕೀಕೃತ ಮಾರುಕಟ್ಟೆ ವೇದಿಕೆಯಲ್ಲಿಯೂ ದರ ನಮೂದಿಸುವ ಖರೀದಿದಾರನ ಪ್ರವೇಶ ಬೇರೆ, ಸಮಿತಿಯ ಸಿಬ್ಬಂದಿಯ ಪ್ರವೇಶ ಬೇರೆ. ಇಷ್ಟೆಲ್ಲ ಬಲ್ಲವರು ಮಳಿಗೆಯ ಮುಂಭಾಗದಲ್ಲಿ, ಸಾವಿರಾರು ಜನರ ಕಣ್ಣಿಗೆ ಬೀಳುವ ಪರದೆಯ ವಿಷಯದಲ್ಲಿ ಮಾತ್ರ ಬೀಗ ಹಾಕದೆ ಬಿಡುವುದೇಕೆ? ಫಲಕವನ್ನು ಅಲಂಕಾರವೆಂದು ಭಾವಿಸಿರುವುದೇ ಕಾರಣವೆಂದು ನನ್ನ ಅನಿಸಿಕೆ. ಅದು ಅಲಂಕಾರವಲ್ಲ, ಲೆಕ್ಕದ ಪುಸ್ತಕದ ಬಹಿರಂಗ ಪುಟ.

ತಂತ್ರಾಂಶ ಮಾರುವವರು ಹತ್ತು ಹನ್ನೆರಡು ಪಾತ್ರಗಳ ಪಟ್ಟಿಯನ್ನು ಮುಂದಿಡುತ್ತಾರೆ. ನಾಲ್ಕು ಜನ ಕೆಲಸ ಮಾಡುವ ಮಂಡಿಗೆ ಅಷ್ಟು ಬೇಕಿಲ್ಲ. ಬರಹವನ್ನು ಸಿದ್ಧಪಡಿಸುವವರು, ಅದನ್ನು ಒಪ್ಪಿ ಪ್ರಕಟಿಸುವವರು, ಬಳಕೆದಾರರನ್ನು ಸೇರಿಸುವ ಮತ್ತು ತೆಗೆಯುವ ಅಧಿಕಾರವುಳ್ಳವರು, ಈ ಮೂರು ಸಾಕು. ಪಾತ್ರಗಳ ಸಂಖ್ಯೆಗಿಂತ ಅವುಗಳ ಎಲ್ಲೆ ಮುಖ್ಯ. ಕೊಪ್ಪ, ಶೃಂಗೇರಿ ಎರಡೂ ಕಡೆ ಅಂಗಡಿಯಿರುವ ವರ್ತಕರು ಶೃಂಗೇರಿಯ ನೌಕರನಿಗೆ ಶೃಂಗೇರಿಯ ಫಲಕವನ್ನು ಮಾತ್ರ ತೆರೆದಿಡಬೇಕು. ಫಲಕವೊಂದರಲ್ಲಿಯೂ ದರದ ಅಂಕಿಗಳ ಕೋಷ್ಟಕವನ್ನು ಮಾತ್ರ ತಿದ್ದುವ ಅವಕಾಶ ಕೊಟ್ಟು, ಸಂಸ್ಥೆಯ ಹೆಸರು, ಲಾಂಛನ, ವಿನ್ಯಾಸಗಳನ್ನು ಮುಟ್ಟದಂತೆ ಬಂಧಿಸುವುದು ಸಾಧ್ಯ. ಇದರಿಂದ ಇನ್ನೊಂದು ಪ್ರಯೋಜನವೂ ಇದೆ. 2024ರಲ್ಲಿ ತಿದ್ದುಪಡಿಯಾದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮದಂತೆ ವ್ಯಾಪಾರ ಸಂಸ್ಥೆಗಳ ನಾಮಫಲಕದಲ್ಲಿ ಶೇಕಡ 60ರಷ್ಟು ಭಾಗ ಕನ್ನಡದಲ್ಲಿರಬೇಕು, ಅದು ಮೇಲ್ಭಾಗದಲ್ಲಿರಬೇಕು. ಪರದೆಯ ಮೇಲಿನ ನಾಮಫಲಕವನ್ನು ಹಬ್ಬದ ರಿಯಾಯಿತಿಯ ಭರಾಟೆಯಲ್ಲಿ ಯಾರೋ ಹುಡುಗ ಅಳಿಸಿಹಾಕದಂತೆ ನೋಡಿಕೊಳ್ಳಲು ಉಪದೇಶಕ್ಕಿಂತ ಅನುಮತಿಯ ನಿರ್ಬಂಧವೇ ಹೆಚ್ಚು ಫಲಕಾರಿ.

ಹಾಗೆಂದು ಪ್ರತಿಯೊಂದು ಅಕ್ಷರಕ್ಕೂ ಮಾಲೀಕರ ಒಪ್ಪಿಗೆ ಬೇಕೆಂದು ಕಟ್ಟುಪಾಡು ಹಾಕುವುದನ್ನು ನಾನು ಒಪ್ಪುವುದಿಲ್ಲ. ಈ ಭಾಗದ ವರ್ತಕರಲ್ಲಿ ಅನೇಕರು ತೋಟದ ಮಾಲೀಕರೂ ಹೌದು. ಟೆಂಡರ್ ದರ ಗೊತ್ತಾಗುವ ಹೊತ್ತಿಗೆ ಅವರು ಮೊಬೈಲ್ ಸಂಕೇತ ಸಿಗದ ತೋಟದ ಕಣಿವೆಯಲ್ಲಿರುತ್ತಾರೆ. ಒಪ್ಪಿಗೆಗಾಗಿ ಕಾದು ಕುಳಿತ ಫಲಕ ನಿನ್ನೆಯ ದರವನ್ನೇ ತೋರಿಸುತ್ತಿದ್ದರೆ, ಬೆಳೆಗಾರನ ಪಾಲಿಗೆ ಅದು ಸುಳ್ಳು ಫಲಕವೇ. ಎರಡು ಮೂರು ದಿನ ಹೀಗಾದರೆ ನೌಕರರು ಮಾಲೀಕರ ಪಾಸ್‌ವರ್ಡನ್ನೇ ಕೇಳಿ ಪಡೆಯುತ್ತಾರೆ, ಅಲ್ಲಿಗೆ ವ್ಯವಸ್ಥೆಯೇ ಮುಗಿಯಿತು. ಆದಕಾರಣ ದಿನನಿತ್ಯದ ದರವನ್ನು ಹಿಂದಿನ ದಿನದ ದರಕ್ಕಿಂತ ಇಂತಿಷ್ಟು ಪ್ರಮಾಣದ ಒಳಗೆ ಬದಲಿಸುವುದಾದರೆ ಗುಮಾಸ್ತರೇ ಪ್ರಕಟಿಸಲಿ. 54,000 ಇದ್ದದ್ದು ಒಮ್ಮೆಗೇ 45,000 ಆಗುವುದಾದರೆ ಮಾತ್ರ ಎರಡನೆಯ ಕಣ್ಣು ನೋಡಲಿ. ತಂತ್ರಾಂಶದಲ್ಲಿ ಅಂತಹ ಮಿತಿ ಹಾಕುವ ಸೌಲಭ್ಯವಿಲ್ಲದಿದ್ದರೆ ಬಾಯಿಮಾತಿನ ನಿಯಮವಾದರೂ ಇರಲಿ. ಹೊಸ ಜಾಹೀರಾತು, ವಿಡಿಯೊ, ಹೊರಗಿನವರು ಕೊಟ್ಟ ಪ್ರಕಟಣೆ ಇವುಗಳಿಗೆ ಒಪ್ಪಿಗೆ ಕಡ್ಡಾಯ. ಅಲ್ಲಿ ಅರ್ಧ ದಿನ ತಡವಾದರೂ ನಷ್ಟವಿಲ್ಲ.

ತುರ್ತು ಸಂದರ್ಭದ ಮಾತು ಇನ್ನೂ ಬೇರೆ. ಮಳೆಗಾಲದಲ್ಲಿ ತುಂಗೆ ಉಕ್ಕಿದಾಗ ಶೃಂಗೇರಿಯ ಗಾಂಧಿ ಮೈದಾನಕ್ಕೆ ನೀರು ನುಗ್ಗುವುದನ್ನು ನಾವೆಲ್ಲ ಕಂಡಿದ್ದೇವೆ. ಕೆರೆಕಟ್ಟೆ ಮಾರ್ಗದಲ್ಲಿ ಮರ ಉರುಳಿದರೆ ಕಾರ್ಕಳದ ಕಡೆಗೆ ಹೊರಟ ಯಾತ್ರಿಕರಿಗೆ ಕೂಡಲೇ ತಿಳಿಸಬೇಕಾಗುತ್ತದೆ. ರಾತ್ರಿ ಪಾಳಿಯಲ್ಲಿರುವ ವಸತಿಗೃಹದ ನೌಕರನಿಗೆ ಇಂತಹ ಸಂದೇಶ ಹಾಕುವ ಅನುಮತಿ ಇರಲೇಬೇಕು. ಆದರೆ ಸ್ವಂತ ವಾಕ್ಯ ಬರೆಯುವುದಕ್ಕಲ್ಲ, ಮೊದಲೇ ಸಿದ್ಧಪಡಿಸಿಟ್ಟ ನಾಲ್ಕಾರು ಸೂಚನೆಗಳಲ್ಲಿ ಒಂದನ್ನು ಆರಿಸುವುದಕ್ಕೆ. ಅದಕ್ಕಿಂತ ಮುಖ್ಯವಾಗಿ, ಪರದೆಯನ್ನು ಒಮ್ಮೆಗೇ ಕಪ್ಪಾಗಿಸುವ ಅಧಿಕಾರ ಸ್ಥಳದಲ್ಲಿರುವ ಪ್ರತಿಯೊಬ್ಬ ನೌಕರನಿಗೂ ಇರಬೇಕು. ಬರೆಯುವ ಅಧಿಕಾರ ಕೆಲವರಿಗೆ, ಅಳಿಸುವ ಅಧಿಕಾರ ಎಲ್ಲರಿಗೆ. ಪಾಟ್ನಾದ ಮೂರು ನಿಮಿಷಗಳನ್ನು ನೆನೆದರೆ ಇದರ ಅಗತ್ಯ ತಿಳಿಯುತ್ತದೆ.

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಗಂಭೀರವಾದ ಲೋಪ ಬೇರೊಂದಿದೆ. ಫಲಕವನ್ನು ಅಳವಡಿಸಲು ಬಂದ ತಂತ್ರಜ್ಞನು ತನ್ನ ಮೊಬೈಲ್ ಸಂಖ್ಯೆ, ತನ್ನ ಇ-ಮೇಲ್ ವಿಳಾಸ ನೀಡಿ ಖಾತೆ ತೆರೆಯುತ್ತಾನೆ. ಕೆಲಸ ಬೇಗ ಮುಗಿಯಲಿ ಎಂಬ ಆತುರದಲ್ಲಿ ನಾವೂ ಒಪ್ಪುತ್ತೇವೆ. ಅಂದಿನಿಂದ ಆ ಫಲಕದ ಮೂಲ ಒಡೆತನ ಅವನದು. ನನಗೆ ಪರಿಚಯದ ವರ್ತಕರೊಬ್ಬರ ಅಂಗಡಿಯಲ್ಲಿ ಫಲಕ ಹಾಕಿದ ಯುವಕ ಕೆಲಸ ಬಿಟ್ಟು ಬೇರೆ ಊರಿಗೆ ಹೋದ. ಪಾಸ್‌ವರ್ಡ್ ಬದಲಿಸಲು ಹೋದಾಗ ದೃಢೀಕರಣದ ಸಂಕೇತ ಸಂಖ್ಯೆ ಅವನ ಮೊಬೈಲಿಗೇ ಹೋಗುತ್ತಿತ್ತು. ಹಣ ಕೊಟ್ಟು ಕೊಂಡ ಫಲಕವನ್ನು ತಮ್ಮದಾಗಿಸಿಕೊಳ್ಳಲು ಅವರು ಎರಡು ತಿಂಗಳು ಅಲೆಯಬೇಕಾಯಿತು, ಅಷ್ಟೂ ದಿನ ದೀಪಾವಳಿಯ ರಿಯಾಯಿತಿ ಸಂಕ್ರಾಂತಿಯವರೆಗೆ ಬೆಳಗುತ್ತಿತ್ತು. ಗಿರಾಕಿಗಳ ತಮಾಷೆಗೆ ಗುರಿಯಾದದ್ದು ಬೇರೆ ಮಾತು. ಆ ಯುವಕ ಸಜ್ಜನ, ಕೆಟ್ಟದ್ದೇನನ್ನೂ ಮಾಡಲಿಲ್ಲ. ಆದರೆ ಮನೆ ಕಟ್ಟಿದ ಮೇಸ್ತ್ರಿ ಎಷ್ಟೇ ಸಜ್ಜನನಾದರೂ ಮನೆಯ ಬೀಗದ ಕೈಯನ್ನು ಅವನಲ್ಲಿ ಬಿಡುವ ರೂಢಿ ನಮ್ಮಲ್ಲಿಲ್ಲವಷ್ಟೆ. ಮೂಲ ಖಾತೆ ಸಂಸ್ಥೆಯ ಹೆಸರಿನ ಇ-ಮೇಲ್ ವಿಳಾಸದಲ್ಲಿರಬೇಕು, ಅದರ ಅಧಿಕಾರ ಮಾಲೀಕರಲ್ಲಿಯೂ ಅವರ ನಂತರದ ಹೊಣೆಗಾರರಲ್ಲಿಯೂ ಇರಬೇಕು. ಒಬ್ಬರೇ ಇದ್ದು ಅವರು ಆಸ್ಪತ್ರೆ ಸೇರಿದರೆ ಫಲಕವೂ ಮೂಕವಾಗುತ್ತದೆ. ತಂತ್ರಜ್ಞನಿಗೆ ದುರಸ್ತಿಯ ದಿನ ತಾತ್ಕಾಲಿಕ ಪ್ರವೇಶ ಕೊಟ್ಟು ಸಂಜೆಗೆ ಹಿಂತೆಗೆದುಕೊಂಡರೆ ಸಾಕು.

ಅಗ್ಗದ ಎಲ್‌ಇಡಿ ಫಲಕಗಳ ಬಗ್ಗೆ ಎರಡು ಮಾತು. ಅಕ್ಷರಗಳು ಸಾಲಾಗಿ ಹರಿಯುವ ಇಂತಹ ಫಲಕಗಳಲ್ಲಿ ಅನೇಕವಕ್ಕೆ ಪಾತ್ರ, ಅನುಮತಿ ಎಂಬ ಕಲ್ಪನೆಯೇ ಇಲ್ಲ. ಫಲಕವೇ ಒಂದು ವೈಫೈ ಸಂಪರ್ಕವನ್ನು ಹೊರಸೂಸುತ್ತದೆ. ಕಾರ್ಖಾನೆಯಲ್ಲಿ ಇಟ್ಟ ಪಾಸ್‌ವರ್ಡ್ ಬದಲಿಸದೆ ಬಿಟ್ಟರೆ, ಅದೇ ತಯಾರಕರ ಆ್ಯಪ್ ಇರುವ ಯಾರೇ ಆಗಲಿ ರಸ್ತೆಯ ಆಚೆ ಬದಿಯಲ್ಲಿ ನಿಂತು ಬರಹ ಬದಲಿಸಬಲ್ಲರು. ಪೆನ್‌ಡ್ರೈವ್ ಚುಚ್ಚುವ ಕಿಂಡಿ ಕೈಗೆಟಕುವಂತಿದ್ದರೆ ವೈಫೈ ಕೂಡ ಬೇಡ. ಇವುಗಳನ್ನು ಕೊಳ್ಳಬಾರದೆಂದು ನಾನು ಹೇಳುವುದಿಲ್ಲ, ಸಣ್ಣ ಅಂಗಡಿಗೆ ಅದೇ ಕೈಗೆಟಕುವ ಬೆಲೆ. ಪಾಸ್‌ವರ್ಡ್ ಬದಲಿಸಿ, ಕಿಂಡಿಗೆ ಮುಚ್ಚಳ ಹಾಕಿಸಿ, ಇಂತಹ ಫಲಕದಲ್ಲಿ ದರವನ್ನು ಪ್ರಕಟಿಸದಿರುವುದು ಲೇಸು.

ಶೃಂಗೇರಿಯ ವಸತಿಗೃಹ ಮತ್ತು ಹೋಟೆಲುಗಳವರಿಗೆ ಮತ್ತೊಂದು ತೊಡಕಿದೆ. ಶರನ್ನವರಾತ್ರಿ, ಬೇಸಿಗೆ ರಜೆಯ ಜನದಟ್ಟಣೆಗೆಂದು ತಾತ್ಕಾಲಿಕ ನೌಕರರನ್ನು ತೆಗೆದುಕೊಳ್ಳುತ್ತಾರೆ. ಕೊಠಡಿ ಖಾಲಿ ಇದೆಯೇ ಇಲ್ಲವೇ ಎಂಬುದನ್ನು ಫಲಕದಲ್ಲಿ ತೋರಿಸಲು ಅವರಿಗೂ ಪ್ರವೇಶ ಬೇಕು. ಅವರು ಕೆಲಸ ಬಿಟ್ಟ ದಿನ ಸಮವಸ್ತ್ರ, ಬೀಗದ ಕೈಗೊಂಚಲುಗಳನ್ನು ಎಣಿಸಿ ಹಿಂಪಡೆಯುವ ವ್ಯವಸ್ಥಾಪಕರು ಬಳಕೆದಾರರ ಪಟ್ಟಿಯಿಂದ ಹೆಸರು ತೆಗೆಯಲು ಮರೆಯುತ್ತಾರೆ. ಪ್ರವೇಶ ಕೊಡುವಾಗಲೇ ಮುಕ್ತಾಯದ ದಿನಾಂಕ ಹಾಕುವ ಸೌಲಭ್ಯ ಕೆಲವು ತಂತ್ರಾಂಶಗಳಲ್ಲಿದೆ, ಅದನ್ನು ಬಳಸಿಕೊಳ್ಳಬೇಕು. ದರ ಫಲಕದ ಬರಹಕ್ಕೂ ಇದೇ ಮಾತು ಸಲ್ಲುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ವಿದ್ಯುತ್ತು, ಅಂತರ್ಜಾಲ ಎರಡೂ ಕೈಕೊಡುತ್ತವೆ. ಸಂಪರ್ಕ ಕಡಿದ ಫಲಕ ತನ್ನಲ್ಲಿ ಉಳಿದಿರುವ ಹಳೆಯ ಅಂಕಿಯನ್ನೇ ತೋರಿಸುತ್ತಿರುತ್ತದೆ. ‘ಇಂದು ಸಂಜೆ 6ರವರೆಗೆ’ ಎಂಬ ಅವಧಿ ಅಂಕಿಯ ಜೊತೆಗೇ ಇದ್ದರೆ ಅದು ತಾನಾಗಿ ಮಾಯವಾಗುತ್ತದೆ.

ಕಾನೂನಿನ ದೃಷ್ಟಿಯಿಂದಲೂ ಒಂದಂಶ ಗಮನಾರ್ಹ. ಮಾಹಿತಿ ತಂತ್ರಜ್ಞಾನ ಅಧಿನಿಯಮ 2000ರ 43 ಮತ್ತು 66ನೆಯ ಕಲಮುಗಳು ಮಾಲೀಕನ ಅನುಮತಿಯಿಲ್ಲದೆ ಗಣಕ ವ್ಯವಸ್ಥೆಯನ್ನು ಪ್ರವೇಶಿಸುವುದನ್ನು ಕುರಿತವು. ದುರುದ್ದೇಶ ಸಾಬೀತಾದರೆ ಮೂರು ವರ್ಷಗಳವರೆಗೆ ಸೆರೆವಾಸವಿದೆ. ಆದರೆ ಅನುಮತಿ ಯಾರಿಗಿತ್ತು, ಯಾರಿಗಿರಲಿಲ್ಲ ಎಂದು ನಾವೇ ಬರೆದಿಡದಿದ್ದರೆ ದೂರು ಕೊಡುವುದಾದರೂ ಯಾರ ಮೇಲೆ? ಭಾರತೀಯ ಗಣಕ ತುರ್ತು ಸ್ಪಂದನ ತಂಡವು 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದಲ್ಲಿ ಗಣಕ ವ್ಯವಸ್ಥೆಗಳ ಚಟುವಟಿಕೆಯ ದಾಖಲೆಯನ್ನು 180 ದಿನ ಕಾಯ್ದಿಡಬೇಕೆಂದು ಹೇಳಿದೆ. ನಮ್ಮಂತಹ ಸಣ್ಣ ಸಂಸ್ಥೆಗಳಿಗೆ ಅದು ಎಷ್ಟರಮಟ್ಟಿಗೆ ಅನ್ವಯ ಎಂಬ ಚರ್ಚೆಯನ್ನು ವಕೀಲರಿಗೆ ಬಿಡೋಣ. ತಂತ್ರಾಂಶ ಆರಿಸುವಾಗ ಅಳತೆಗೋಲಾಗಿ ಅದು ಒಳ್ಳೆಯದೇ.

ವೆಚ್ಚದ ಆಕ್ಷೇಪಣೆ ಬರುವುದು ಸಹಜ. ಕೆಲವು ಕಂಪನಿಗಳು ಬಳಕೆದಾರರ ತಲೆ ಎಣಿಸಿ ಶುಲ್ಕ ವಿಧಿಸುತ್ತವೆ. ಒಂದೇ ಹೆಸರನ್ನು ಹಂಚಿಕೊಳ್ಳುವ ದುರಭ್ಯಾಸಕ್ಕೆ ಅರ್ಧ ಕಾರಣ ಈ ಲೆಕ್ಕಾಚಾರವೇ. ಬಳಕೆದಾರರ ಸಂಖ್ಯೆಯ ಬದಲು ಫಲಕಗಳ ಸಂಖ್ಯೆಯ ಮೇಲೆ ಶುಲ್ಕ ಪಡೆಯುವ ಕಂಪನಿಗಳೂ ಇವೆ, ವಿಚಾರಿಸಿ ನೋಡಬೇಕು. ಒಬ್ಬೊಬ್ಬರೇ ಚೌಕಾಶಿ ಮಾಡುವ ಬದಲು ಮೂರೂ ತಾಲ್ಲೂಕುಗಳ ವರ್ತಕರು ಕೂಡಿ ಕೇಳಿದರೆ ಬೆಲೆಯಲ್ಲಿಯೂ ಷರತ್ತಿನಲ್ಲಿಯೂ ರಿಯಾಯಿತಿ ಸಿಗುವ ಸಂಭವವಿದೆ. ಮೂಲ ಖಾತೆಯನ್ನು ಗ್ರಾಹಕರ ಹೆಸರಿಗೆ ಹಸ್ತಾಂತರಿಸದೆ ಕೊನೆಯ ಕಂತಿನ ಹಣ ಕೊಡತಕ್ಕದ್ದಲ್ಲ ಎಂಬ ಒಂದು ವಾಕ್ಯವನ್ನು ಖರೀದಿ ಆದೇಶಕ್ಕೆ ಸೇರಿಸುವುದಕ್ಕಂತೂ ಯಾವ ಖರ್ಚೂ ಇಲ್ಲ. ಈ ವಿಷಯದಲ್ಲಿ ನಮ್ಮ ವಾಣಿಜ್ಯ ಸಂಸ್ಥೆಯು ಒಂದು ಮಾದರಿ ಕರಾರು ಪತ್ರವನ್ನು ಸಿದ್ಧಪಡಿಸಿ, ನವರಾತ್ರಿಯ ದಟ್ಟಣೆಗೂ ಅಡಿಕೆ ಕೊಯ್ಲಿಗೂ ಮೊದಲು ಸದಸ್ಯರಿಗೆ ಕಳುಹಿಸಿಕೊಡಬೇಕೆಂದು ಪದಾಧಿಕಾರಿಗಳಲ್ಲಿ ವಿನಂತಿಸುತ್ತೇನೆ.