ಮದುವೆಗೊಂದು ಊರು ಬೇಕು

ಲಗ್ನಪತ್ರಿಕೆ ಕೈಗೆ ಬಂದೊಡನೆ ಎಲ್ಲರೂ ಮೊದಲು ನೋಡುವುದು ವಧೂವರರ ಹೆಸರು, ಬಳಿಕ ಮುಹೂರ್ತ. ಸ್ಥಳದ ಸಾಲನ್ನು ಓದದೆಯೇ ಊಹಿಸಬಹುದಾಗಿದ್ದ ಕಾಲವೊಂದಿತ್ತು. ಹೆಣ್ಣಿನ ಮನೆಯ ಅಂಗಳ, ಊರ ದೇವಸ್ಥಾನ, ತಪ್ಪಿದರೆ ಹತ್ತಿರದ ಪೇಟೆಯ ಕಲ್ಯಾಣಮಂಟಪ. ಇಂದು ಆ ಸಾಲಿನಲ್ಲಿ ಬಾಲಿ, ಫುಕೆಟ್, ಬೆಂತೋಟ ಎಂಬ ಹೆಸರುಗಳು ಕಾಣಿಸಿಕೊಳ್ಳತೊಡಗಿವೆ. ಮೊದಲು ಸಿನಿಮಾ ತಾರೆಯರಿಗೂ ಉದ್ಯಮಿಗಳಿಗೂ ಮೀಸಲಾಗಿದ್ದ ಈ ರೂಢಿ ಈಗ ಬೆಂಗಳೂರಿನ ಮಧ್ಯಮ ವರ್ಗದ ಬಡಾವಣೆಗಳ ಬಾಗಿಲಿಗೂ ಬಂದಿದೆ.

ನಗರದ ಪಶ್ಚಿಮಕ್ಕಿರುವ ಅತ್ತಿಗುಪ್ಪೆ ಅಂಥದೊಂದು ಬಡಾವಣೆ. ವಿಜಯನಗರಕ್ಕೂ ಚಂದ್ರಾ ಬಡಾವಣೆಗೂ ಹೊಂದಿಕೊಂಡಿರುವ ಈ ಹಳೆಯ ಹಳ್ಳಿಗೆ 2015ರ ನವೆಂಬರಿನಲ್ಲಿ ಮೆಟ್ರೋ ರೈಲು ಬಂತು. ಘಟ್ಟದ ಮೇಲಿನ ಎಷ್ಟೋ ಮನೆಗಳ ಮಕ್ಕಳು ಓದಿಗೆಂದು, ನೌಕರಿಗೆಂದು ಬಂದು ನೆಲೆಸಿರುವುದು ಇಂಥ ಬಡಾವಣೆಗಳಲ್ಲಿಯೇ. ಆದುದರಿಂದ ಅಲ್ಲಿಗೆ ತಲುಪಿದ ಲಗ್ನಪತ್ರಿಕೆ ಮಲೆನಾಡಿನ ಹಳ್ಳಿಗೂ ಒಂದು ಸುದ್ದಿ. ಕರೆಯಬೇಕಾದ ಅಜ್ಜಿ, ಸೋದರಮಾವ, ದೊಡ್ಡಪ್ಪಂದಿರು ಇರುವುದು ಇಲ್ಲಿ.

ಅತ್ತಿಗುಪ್ಪೆಯ ಸಾಧಾರಣ ನೌಕರಿಯ ಮನೆಯೊಂದಕ್ಕೆ ಇಂಥ ಕರೆ ಬಂತೆಂದು ಭಾವಿಸಬಹುದು. ಮನೆಯಲ್ಲಿ ಯಾರೂ ಇದುವರೆಗೆ ದೇಶದ ಗಡಿ ದಾಟಿದವರಲ್ಲ. ಮಕ್ಕಳಿಗೆ ಸಂಭ್ರಮ, ತಾಯಿಗೆ ಅಳುಕು, ತಂದೆಗೆ ಖರ್ಚಿನ ಚಿಂತೆ. ಈ ಸಂಭ್ರಮವನ್ನು ಹಗುರವಾಗಿ ಕಾಣುವುದು ಸಲ್ಲದು. ದೇಶ ಸುತ್ತು, ಕೋಶ ಓದು ಎಂದವರು ಹಿರಿಯರೇ. ಪರದೇಶದ ನೆಲವನ್ನು ಮೊದಲ ಬಾರಿ ಮೆಟ್ಟುವುದು ಬದುಕಿನ ದೊಡ್ಡ ಅನುಭವಗಳಲ್ಲೊಂದು. ಆದರೆ ಈ ಪ್ರಯಾಣದಲ್ಲಿ ಸ್ಥಳವನ್ನೂ ದಿನವನ್ನೂ ತಂಗುವ ಕೋಣೆಯನ್ನೂ ಬೇರೆಯವರು ನಿಶ್ಚಯಿಸಿರುತ್ತಾರೆ. ಬಹುಪಾಲು ಕಡೆ ವಿಮಾನದ ಟಿಕೇಟು ಮಾತ್ರ ಅತಿಥಿಯ ಪಾಲಿಗೆ ಬೀಳುತ್ತದೆ. ಬಯಸಿ ಹೊರಟ ಯಾತ್ರೆಗೂ ಬಾರದಿದ್ದರೆ ತಪ್ಪು ತಿಳಿದಾರೆಂಬ ಸಂಕೋಚದಿಂದ ಹೊರಟ ಯಾತ್ರೆಗೂ ವ್ಯತ್ಯಾಸವಿದೆ.

ಮೊದಲ ಅಡಚಣೆ ಕಾಗದಪತ್ರಗಳದು. ಪಾಸ್‌ಪೋರ್ಟ್ ಸೇವಾ ಯೋಜನೆ ಪ್ರಾಯೋಗಿಕವಾಗಿ ಆರಂಭವಾದದ್ದೇ ಬೆಂಗಳೂರಿನಲ್ಲಿ, 2010ರಲ್ಲಿ. ಅಂಚೆ ಕಚೇರಿಗಳ ಮೂಲಕ ಪಾಸ್‌ಪೋರ್ಟ್ ಸೇವೆ ನೀಡುವ ಏರ್ಪಾಡು 2017ರ ಜನವರಿಯಲ್ಲಿ ಮೈಸೂರಿನಲ್ಲಿ ಮೊದಲಾಗಿ ಬಳಿಕ ಬೇರೆ ಜಿಲ್ಲೆಗಳಿಗೂ ಹರಡಿತು. ಹೀಗಾಗಿ ಅರ್ಜಿ ಹಾಕುವುದು ಮೊದಲಿನಷ್ಟು ಕಷ್ಟವಲ್ಲ. ತೊಡಕು ಬರುವುದು ಹೆಸರಿನಲ್ಲಿ. ಕನ್ನಡಿಗರ ಹೆಸರಿನ ಹಿಂದೆ ಊರಿನದೂ ತಂದೆಯದೂ ಮೊದಲಕ್ಷರ ಇರುತ್ತದೆ; ಪಾಸ್‌ಪೋರ್ಟಿನಲ್ಲಿ ಅದನ್ನು ಪೂರ್ಣವಾಗಿ ಬಿಡಿಸಿ ಬರೆಯಬೇಕು. ಶಾಲೆಯ ದಾಖಲೆ, ಆಧಾರ್, ಮತದಾರರ ಚೀಟಿಗಳಲ್ಲಿ ಒಂದೇ ಹೆಸರು ಮೂರು ಬಗೆಯಾಗಿದ್ದರೆ ಅದನ್ನು ಸರಿಪಡಿಸಲು ತಿಂಗಳುಗಳೇ ಹಿಡಿಯಬಹುದು. ಹಿಂದಿನ ತಲೆಮಾರಿನ ಹಳ್ಳಿಯ ಹಿರಿಯರಲ್ಲಿ ಅನೇಕರಿಗೆ ಜನನ ಪತ್ರವೇ ಇಲ್ಲ. ಅವರಿಗೆ ಬೇರೆ ದಾಖಲೆಗಳ ಆಧಾರದಿಂದ ಪಾಸ್‌ಪೋರ್ಟ್ ದೊರೆಯಲು ಅವಕಾಶವಿದೆಯಾದರೂ ಓಡಾಡುವವರು ಬೇಕು. ಪಾಸ್‌ಪೋರ್ಟು ಕೈಗೆ ಬಂದ ಮೇಲೂ ಆ ದೇಶದ ವೀಸಾ ನಿಯಮಗಳನ್ನು ಅಧಿಕೃತ ಮೂಲದಿಂದಲೇ ತಿಳಿಯಬೇಕು. ಅವು ವರ್ಷವರ್ಷಕ್ಕೂ ಬದಲಾಗುತ್ತವೆ. ಆದುದರಿಂದ ಮುಹೂರ್ತಕ್ಕೆ ಕನಿಷ್ಠ ಆರು ತಿಂಗಳ ಮೊದಲೇ ಕೆಲಸ ಆರಂಭಿಸುವುದು ವಿವೇಕ. ಇಷ್ಟಾದರೂ ಮಂಡಿನೋವಿನ ಅಜ್ಜಿ, ಹಸು ಕಟ್ಟಿರುವ ಚಿಕ್ಕಪ್ಪ, ಕೊಯ್ಲಿನ ಕಾಲದಲ್ಲಿ ತೋಟ ಬಿಟ್ಟು ಬರಲಾಗದ ಸೋದರತ್ತೆ ಹಿಂದೆಯೇ ಉಳಿಯುತ್ತಾರೆ. ಅಕ್ಷತೆ ಹಾಕಬೇಕಾದ ಕೈಗಳು ಮೊಬೈಲಿನ ಪರದೆಯ ಮುಂದೆ ಮುಗಿದುಕೊಳ್ಳುತ್ತವೆ.

ಇಲ್ಲಿಗೆ ಪ್ರಶ್ನೆ ಕೇವಲ ಖರ್ಚಿನದಾಗಿ ಉಳಿಯುವುದಿಲ್ಲ. ಮದುವೆ ಎಂದರೆ ಏನು ಎಂಬಲ್ಲಿಗೇ ಅದು ಬರುತ್ತದೆ. ಮಲೆನಾಡಿನ ಮದುವೆಯೊಂದು ನಡೆಯುತ್ತಿದ್ದುದು ಮುಯ್ಯಿಯ ಮೇಲೆ. ನಾಟಿಗೆ ಮುಯ್ಯಾಳು ಬಂದಂತೆ ಮದುವೆಗೂ ನೆರೆಹೊರೆ ಬರುತ್ತಿತ್ತು. ಚಪ್ಪರಕ್ಕೆ ಅಡಿಕೆಯ ದಬ್ಬೆ, ಊಟಕ್ಕೆ ಬಾಳೆಯೆಲೆ, ಒಲೆಗೆ ಸೌದೆ, ಪಾತ್ರೆಗೆ ಪಕ್ಕದ ಮನೆ. ಉಂಡ ಎಲೆ ದನದ ಕೊಟ್ಟಿಗೆಗೂ ಗೊಬ್ಬರದ ಗುಂಡಿಗೂ ಹೋಗುತ್ತಿತ್ತು. ಬಾವಿಯ ನೀರು ಎಷ್ಟು ಜನಕ್ಕೆ ಸಾಕು ಎಂಬುದು ಊರಿಗೆ ಗೊತ್ತಿತ್ತು. ಆ ಮದುವೆಗಳಲ್ಲಿ ಜಾತಿಯ ಪಂಕ್ತಿಭೇದವಿತ್ತು, ವರದಕ್ಷಿಣೆಯಿತ್ತು, ಸಾಲದ ಶೂಲವೂ ಇತ್ತು. ಅವನ್ನು ಹೊಗಳುವ ಅಗತ್ಯವಿಲ್ಲ. ಆದರೆ ಒಂದು ಮಾತು ನಿಜ: ಆ ಮದುವೆ ತನ್ನ ನೀರಿಗೆ, ಕಸಕ್ಕೆ, ಸದ್ದಿಗೆ ಒಂದು ಊರಿಗೆ ಉತ್ತರ ಹೇಳಬೇಕಾಗಿತ್ತು. ಮದುವೆಯ ಮರುದಿನವೂ ಅದೇ ಊರಿನಲ್ಲಿ ಬಾಳಬೇಕಾಗಿತ್ತು.

ದೂರದ ಸ್ಥಳವೊಂದನ್ನು ಮೂರು ದಿನಕ್ಕೆ ಬಾಡಿಗೆ ಹಿಡಿದು ಮಾಡುವ ಮದುವೆಗೆ ಮನೆಯಿದೆ, ಹಣವಿದೆ, ನೆಂಟರಿದ್ದಾರೆ, ಊರಿಲ್ಲ. ಅದು ಬಳಸಿದ ನೀರು ಯಾರದೋ, ಬಿಟ್ಟುಹೋದ ಕಸವನ್ನು ಎತ್ತುವವರು ಯಾರೋ. ಇದು ಘಟ್ಟದ ಜನರಿಗೆ ಚೆನ್ನಾಗಿ ತಿಳಿದ ಸಂಗತಿ, ಏಕೆಂದರೆ ಅವರು ಇದನ್ನು ಇನ್ನೊಂದು ತುದಿಯಿಂದ ನೋಡುತ್ತಿದ್ದಾರೆ. ಬೆಂಗಳೂರಿಗೆ ಬಾಲಿ ಹೇಗೋ, ಕೊಡಗು, ಚಿಕ್ಕಮಗಳೂರು, ಸಕಲೇಶಪುರಗಳೂ ಹಾಗೆಯೇ. 2011ರ ಜನಗಣತಿಯಂತೆ ಐದೂವರೆ ಲಕ್ಷ ಜನರಿದ್ದ ಕೊಡಗು, 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಮನೆಮಠ ಕಳೆದುಕೊಂಡಿತು. ಆದರೂ ರಜೆಯ ದಿನಗಳ ವಾಹನಸಾಲು ಕರಗಲಿಲ್ಲ. ಮುಳ್ಳಯ್ಯನಗಿರಿಯ ದಾರಿಯಲ್ಲಿ ವಾಹನಗಳ ಸಂಖ್ಯೆಗೆ ಮಿತಿ ಹಾಕಿ 2025ರಲ್ಲಿ ಮುಂಗಡ ನೋಂದಣಿ ತರಬೇಕಾಯಿತು. ಕುಮಾರ ಪರ್ವತದಲ್ಲಿ 2024ರ ಜನವರಿಯ ಜನಸಂದಣಿಯ ಬಳಿಕ ಚಾರಣವನ್ನೇ ಕೆಲಕಾಲ ನಿಲ್ಲಿಸಲಾಯಿತು.

ಬೆಟ್ಟದ ಮೇಲಿನ ವೈಭವದ ಮದುವೆ ಏನು ಮಾಡಬಲ್ಲದು ಎಂಬುದಕ್ಕೆ ಉತ್ತರಾಖಂಡದ ಔಲಿ ಸಾಕ್ಷಿ. ಜೋಶಿಮಠದ ಮೇಲಿರುವ ಆ ಹಿಮಾಲಯದ ಹುಲ್ಲುಗಾವಲಿನಲ್ಲಿ 2019ರ ಜೂನ್‌ನಲ್ಲಿ ವಿದೇಶದಲ್ಲಿ ನೆಲೆಸಿದ್ದ ಉದ್ಯಮಿ ಕುಟುಂಬವೊಂದರ ಎರಡು ಮದುವೆಗಳು ನಡೆದವು. ವಿಷಯ ಹೈಕೋರ್ಟಿನ ಮೆಟ್ಟಿಲೇರಿ, ಪರಿಸರ ಹಾನಿಯ ಭರವಸೆಯಾಗಿ 3 ಕೋಟಿ ರೂಪಾಯಿ ಠೇವಣಿ ಇಡುವಂತೆ ನ್ಯಾಯಾಲಯ ಆದೇಶಿಸಿತು. ಅತಿಥಿಗಳು ಹೋದ ಮೇಲೆ ಸ್ಥಳೀಯ ಪುರಸಭೆಯವರು ನೂರಾರು ಕ್ವಿಂಟಲ್ ಕಸವನ್ನು ಬೆಟ್ಟದಿಂದ ಇಳಿಸಬೇಕಾಯಿತು. ಠೇವಣಿಯಿಂದ ಕಸ ಸಾಗಿಸುವ ವೆಚ್ಚ ಹುಟ್ಟಬಹುದು. ತುಳಿದುಹೋದ ಹುಲ್ಲುಗಾವಲು ಚೇತರಿಸಲು ಬೇಕಾದ ಕಾಲವನ್ನು ಯಾವ ಠೇವಣಿಯೂ ತರಲಾರದು.

ಹೊರದೇಶದ ಕಥೆಯೂ ಬೇರೆಯಲ್ಲ. ಬಾಲಿಯ ಬೆಟ್ಟದ ಇಳಿಜಾರುಗಳಲ್ಲಿ ಸುಬಕ್ ಎಂಬ ನೀರಾವರಿ ಪದ್ಧತಿಯಿದೆ. ದೇವಾಲಯಗಳ ಸುತ್ತ ಸಂಘಟಿತರಾದ ರೈತರು ಮೇಲಿನ ಗದ್ದೆಯಿಂದ ಕೆಳಗಿನ ಗದ್ದೆಗೆ ನೀರನ್ನು ಒಪ್ಪಂದದಂತೆ ಹಂಚಿಕೊಳ್ಳುವ ಈ ವ್ಯವಸ್ಥೆಯನ್ನು ಯುನೆಸ್ಕೋ 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅದೇ ದ್ವೀಪದಲ್ಲಿ ಗದ್ದೆಗಳು ವಿಲ್ಲಾಗಳಾಗುತ್ತಿವೆ. 2025ರ ಸೆಪ್ಟೆಂಬರಿನ ನೆರೆಯಲ್ಲಿ ಅಲ್ಲಿ ಹದಿನೈದಕ್ಕೂ ಹೆಚ್ಚು ಜನ ಸತ್ತಾಗ, ನೀರು ಇಂಗುವ ಗದ್ದೆಗಳನ್ನು ಕಟ್ಟಡಗಳು ನುಂಗಿದ್ದರ ಪ್ರಶ್ನೆ ಅಲ್ಲಿಯೂ ಎದ್ದಿತು. ತಮ್ಮ ಮಕ್ಕಿಗದ್ದೆಗಳು ಕಣ್ಣೆದುರೇ ನಿವೇಶನವಾದುದನ್ನು ಕಂಡ ಮಲೆನಾಡಿಗರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಥಾಯ್ಲೆಂಡಿನ ಮಾಯಾ ಕೊಲ್ಲಿಯ ಹವಳದ ದಿಬ್ಬಗಳು ಪ್ರವಾಸಿಗರ ದಟ್ಟಣೆಯಿಂದ ನಲುಗಿ, 2018ರ ಜೂನ್‌ನಿಂದ 2022ರ ಜನವರಿಯವರೆಗೆ ಆ ಕಡಲತೀರವನ್ನೇ ಮುಚ್ಚಬೇಕಾಯಿತು.

ದಾರಿಯ ಹೊಗೆಯ ಲೆಕ್ಕವೂ ಇದೆ. ಬೆಂಗಳೂರಿನಿಂದ ಬಾಲಿಗೆ ಆಕಾಶಮಾರ್ಗದ ದೂರ ಸುಮಾರು 4,800 ಕಿ.ಮೀ. ಸಾಧಾರಣ ದರ್ಜೆಯ ಪ್ರಯಾಣಿಕರೊಬ್ಬರ ಪಾಲಿಗೆ ಕಿಲೋಮೀಟರಿಗೆ 80ರಿಂದ 100 ಗ್ರಾಂ ಇಂಗಾಲದ ಡೈಆಕ್ಸೈಡ್ ಎಂಬ ಸ್ಥೂಲ ಲೆಕ್ಕದಿಂದ, ಹೋಗಿಬರುವ ಪ್ರಯಾಣಕ್ಕೆ ತಲೆಗೆ ಮುಕ್ಕಾಲರಿಂದ ಒಂದು ಟನ್ನಿನಷ್ಟಾಗುತ್ತದೆ. ಭಾರತೀಯನೊಬ್ಬನ ಇಡೀ ವರ್ಷದ ಸರಾಸರಿ ಪಾಲು ಸುಮಾರು ಎರಡು ಟನ್. ಹೋಲಿಕೆಗೆ, ಬೆಂಗಳೂರಿನಿಂದ ಶೃಂಗೇರಿಗೆ ತುಂಬಿದ ಬಸ್ಸಿನಲ್ಲಿ ಹೋಗಿಬರುವವರ ಪಾಲು ಇಪ್ಪತ್ತು ಕಿಲೋ ಆಸುಪಾಸು. ನೂರು ಜನ ಅತಿಥಿಗಳನ್ನು ಬಾಲಿಗೆ ಕರೆದೊಯ್ಯುವ ಮದುವೆಯ ಹೊಗೆಯೇ 75ರಿಂದ 100 ಟನ್. ಮುಂಗಾರು ಹೊತ್ತು ತಪ್ಪಿ, ಒಂದೇ ರಾತ್ರಿ ಸುರಿದು ಗುಡ್ಡ ಜಾರಿಸುವ ಈ ದಿನಗಳಲ್ಲಿ ಆ ಹೊಗೆಯ ಬೆಲೆ ತೆರುವವರಲ್ಲಿ ಲಗ್ನಪತ್ರಿಕೆಯೇ ಬಾರದವರು ಹೆಚ್ಚು.

ಹಾಗೆಂದು ಕರೆ ಬಂದವರೆಲ್ಲ ಹೋಗಬಾರದೆಂದು ವಿಧಿಸುವುದು ಸರಿಯಲ್ಲ. ಹೋಗುವುದಾದರೆ ಬಾಡಿಗೆಯ ಗಿರಾಕಿಯಂತಲ್ಲ, ಒಂದು ಊರಿನ ಅತಿಥಿಯಂತೆ ಹೋಗಬೇಕು. ತಮ್ಮ ಊರಿಗೆ ಬಂದವರು ಹೇಗೆ ನಡೆದುಕೊಳ್ಳಲಿ ಎಂದು ಘಟ್ಟದವರು ಬಯಸುತ್ತಾರೋ ಹಾಗೆಯೇ ಅಲ್ಲಿ ನಡೆದುಕೊಂಡರೆ ಸಾಕು. ಹಾರಾಟ ಹೇಗೂ ಆಗುವುದಾದರೆ ಮೂರು ದಿನಕ್ಕೆ ಓಡಿಬರುವ ಬದಲು ರಜೆ ಕೂಡಿಸಿಕೊಂಡು, ಮದುವೆ ಮುಗಿದ ಮೇಲೆ ನಾಲ್ಕು ದಿನ ಅಲ್ಲಿಯ ಹಳ್ಳಿಗಳಲ್ಲಿ ಉಳಿಯಬಹುದು. ಸುಬಕ್‌ನ ಗದ್ದೆಯಂಚಿನಲ್ಲಿ ನಿಂತು ನೀರು ಹಂಚುವ ಬಗೆಯನ್ನು ಕೃಷಿಕರ ಮಕ್ಕಳು ನೋಡಿ ಕಲಿಯಬಹುದು. ಹಣ ಸ್ಥಳೀಯರ ಊಟದ ಮನೆಗೂ ಕುಶಲಕರ್ಮಿಗಳಿಗೂ ಸೇರಲಿ. 2024ರ ಫೆಬ್ರವರಿಯಲ್ಲಿ ಬಾಲಿಯು ಸಂಸ್ಕೃತಿ ಮತ್ತು ಪರಿಸರದ ರಕ್ಷಣೆಗೆಂದು ವಿದೇಶೀ ಪ್ರವಾಸಿಗರಿಂದ ತಲಾ 1,50,000 ರುಪಿಯಾ ಶುಲ್ಕ ಪಡೆಯತೊಡಗಿತು. ಅಂಥ ಶುಲ್ಕವನ್ನು ಗೊಣಗದೆ ತೆರುವುದೂ ಮುಯ್ಯಿಯೇ.

ಪೆಟ್ಟಿಗೆ ತುಂಬುವಾಗಲೂ ಒಂದು ಎಚ್ಚರ ಬೇಕು. ಮಾವಿನೆಲೆ, ತೆಂಗಿನಕಾಯಿ, ವೀಳ್ಯದೆಲೆ, ಹೂವು, ಬೀಜಗಳನ್ನು ಬಹುತೇಕ ದೇಶಗಳು ಗಡಿಯಲ್ಲಿ ತಡೆದು ಪರೀಕ್ಷಿಸುತ್ತವೆ. ಇದು ಶಾಸ್ತ್ರಕ್ಕೆ ಅಡ್ಡಿಯೆಂದು ಸಿಡುಕುವವರು ಬಂಡೀಪುರದ ಕಾಡನ್ನೊಮ್ಮೆ ನೋಡಬೇಕು. ಅಮೆರಿಕ ಖಂಡದಿಂದ ಅಲಂಕಾರದ ಗಿಡವಾಗಿ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಭಾರತಕ್ಕೆ ಬಂದ ಲಂಟಾನ ಇಂದು ಆನೆ, ಜಿಂಕೆಗಳ ಮೇವಿನ ಹುಲ್ಲನ್ನು ಮುಚ್ಚಿಹಾಕಿದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಅದನ್ನು ಕಡಿದು ಪೀಠೋಪಕರಣ ಮಾಡುವುದನ್ನು ಕಲಿತರೂ ಅದು ಹಿಂದೆ ಸರಿದಿಲ್ಲ. ಸಂತೋಷಕ್ಕೆಂದು ತಂದ ಒಂದು ಗಿಡ ಇನ್ನೂರು ವರ್ಷ ಉಳಿದು ದುಃಖ ಕೊಡಬಲ್ಲದು. ಅಲ್ಲಿಂದ ಬರುವಾಗ ಬೀಜ, ಗೆಡ್ಡೆ, ಹವಳಗಳನ್ನು ತರದಿರುವುದೂ ಅಷ್ಟೇ ಮುಖ್ಯ.

ಮದುವೆ ಮಾಡುವವರ ಮುಂದಿರುವ ಪ್ರಶ್ನೆ ಇದಕ್ಕಿಂತ ದೊಡ್ಡದು. 2023ರ ನವೆಂಬರ್ 26ರ ‘ಮನದ ಮಾತು’ ಭಾಷಣದಲ್ಲಿ ಪ್ರಧಾನಮಂತ್ರಿಗಳು, ಸಿರಿವಂತರು ಹೊರದೇಶಗಳಲ್ಲಿ ಮದುವೆ ಮಾಡುವುದೇಕೆ, ಭಾರತದಲ್ಲಿಯೇ ಮಾಡಬಾರದೇಕೆ ಎಂದು ಕೇಳಿದ್ದರು. ಹಣ ದೇಶದಲ್ಲಿ ಉಳಿಯಬೇಕೆಂಬ ಆಶಯ ಅರ್ಥವಾಗುವಂಥದೇ. ಆದರೆ ಬಾಲಿಯ ಬದಲು ಅದೇ ಆಡಂಬರ ಕೊಡಗಿನ ತೋಟಕ್ಕೋ ಶರಾವತಿಯ ಹಿನ್ನೀರಿಗೋ ಬಂದರೆ ತೊಂದರೆಯ ವಿಳಾಸ ಬದಲಾಗುತ್ತದೆ, ತೊಂದರೆ ಹೋಗುವುದಿಲ್ಲ. ಹೊರದೇಶವೇ ಸ್ವದೇಶವೇ ಎಂದು ಕೇಳಿದರೆ ಸಾಲದು. ಊರಿಗೆ ಉತ್ತರ ಹೇಳುವ ಮದುವೆಯೇ ಅಲ್ಲವೇ ಎಂದು ಕೇಳಬೇಕು.

ಇದಕ್ಕೊಂದು ಮಾದರಿಯನ್ನು ಮಲೆನಾಡು ಅರುವತ್ತು ವರ್ಷಗಳ ಹಿಂದೆಯೇ ಕಂಡಿದೆ. 1966ರಲ್ಲಿ ಕುಪ್ಪಳಿಯಲ್ಲಿ ಪೂರ್ಣಚಂದ್ರ ತೇಜಸ್ವಿ ಮತ್ತು ರಾಜೇಶ್ವರಿಯವರ ಮದುವೆ ನಡೆದಾಗ ಕುವೆಂಪು ಅದಕ್ಕೆ ‘ಮಂತ್ರ ಮಾಂಗಲ್ಯ’ದ ರೂಪ ಕೊಟ್ಟರು. ವರದಕ್ಷಿಣೆಯಿಲ್ಲ, ಆಡಂಬರವಿಲ್ಲ; ಆಪ್ತರ ಎದುರು ವಧೂವರರು ಅರ್ಥ ತಿಳಿದು ಸ್ವೀಕರಿಸುವ ಪ್ರತಿಜ್ಞೆಗಳೇ ಅದರ ಸಾರ. ಸುತ್ತಲ ಕಾಡೂ ಬೆಟ್ಟವೂ ಅಲ್ಲಿ ಫೋಟೋದ ಹಿನ್ನೆಲೆಗೆಂದು ಬಾಡಿಗೆಗೆ ಬಂದವಲ್ಲ. ಅದು ಆ ಮನೆತನದ ಊರಾಗಿತ್ತು. ಧರ್ಮಸ್ಥಳದಲ್ಲಿ 1972ರಿಂದ ನಡೆದುಬಂದಿರುವ ಸಾಮೂಹಿಕ ವಿವಾಹಗಳು ಬೇರೊಂದು ದಾರಿಯಿಂದ ಸಾಲದ ಹೊರೆಯನ್ನು ಇಳಿಸಿದವು. ದಾರಿಗಳು ಬೇರೆಯಾದರೂ ಎರಡೂ ಕಡೆ ಮದುವೆ ಸಮುದಾಯದ ನಡುವೆಯೇ ಉಳಿಯಿತು.

ಹಳ್ಳಿಗಳು ಮಾಡಬಹುದಾದ ಕೆಲಸವೂ ಇದೆ. ಪರವಾನಗಿಯಿಲ್ಲದ ಜಾಗದಲ್ಲಿ ನೂರಕ್ಕಿಂತ ಹೆಚ್ಚು ಜನ ಸೇರಿಸುವವರು ಮೂರು ಕೆಲಸದ ದಿನ ಮೊದಲೇ ಸ್ಥಳೀಯ ಸಂಸ್ಥೆಗೆ ತಿಳಿಸಿ, ಕಸವನ್ನು ಬೇರ್ಪಡಿಸಿ ಕೊಡಬೇಕೆಂದು 2016ರ ಘನತ್ಯಾಜ್ಯ ನಿಯಮಗಳೇ ವಿಧಿಸಿದ್ದವು. ತೋಟದ ಮದುವೆಗಳಿಗೆ ಬರುವವರಿಂದ ಗ್ರಾಮ ಪಂಚಾಯಿತಿಗಳು ಇಂಥ ಮುನ್ಸೂಚನೆಯನ್ನು ಕೇಳಿ ಪಡೆಯಲಿ. ನೀರಿನ ಮೂಲ ಯಾವುದು, ಕಸ ಎಲ್ಲಿಗೆ ಹೋಗುತ್ತದೆ, ರಾತ್ರಿ ಸದ್ದು ಎಷ್ಟು ಹೊತ್ತಿಗೆ ನಿಲ್ಲುತ್ತದೆ ಎಂಬ ಮೂರು ಪ್ರಶ್ನೆಗಳನ್ನು ಗ್ರಾಮಸಭೆಯಲ್ಲಿ ಎತ್ತಲು ವಿದ್ಯಾರ್ಥಿಗಳು ಮುಂದಾಗಲಿ. ಹೊರದೇಶದಲ್ಲಿ ಮದುವೆಯಾಗುವ ನೆಂಟರಿಗೂ ಒಂದು ಮಾತನ್ನು ವಿಶ್ವಾಸದಿಂದ ಹೇಳಬಹುದು: ಕಡಲಾಚೆಗೆ ಕರೆದೊಯ್ಯುವವರ ಪಟ್ಟಿ ಚಿಕ್ಕದಿರಲಿ, ಅಕ್ಷತೆಯ ಶಾಸ್ತ್ರವೊಂದನ್ನು ಊರಿನ ಅಂಗಳದಲ್ಲಿ, ಪಾಸ್‌ಪೋರ್ಟಿಲ್ಲದ ಅಜ್ಜಿಯ ಎದುರಿಗೆ ಮಾಡಿ ಹೋಗಲಿ.

ಅತ್ತಿಗುಪ್ಪೆಯ ಆ ಮನೆಯ ಮಕ್ಕಳು ವಿಮಾನ ಹತ್ತಲಿ, ಕಡಲು ದಾಟಲಿ, ಜಗತ್ತನ್ನು ಕಣ್ತುಂಬ ನೋಡಲಿ. ಹೋದ ಕಡೆಯಲ್ಲಿ ಒಂದು ಊರಿದೆ, ಅದಕ್ಕೊಂದು ನೀರಿದೆ, ಮದುವೆಯ ಮರುದಿನವೂ ಅಲ್ಲಿ ಜನ ಬಾಳಬೇಕಾಗಿದೆ ಎಂಬುದನ್ನು ಮಾತ್ರ ಅವರು ಮರೆಯದಿರಲಿ.