ಎಂಟು ಗಂಟೆ ಎಂದರೆ ಎಷ್ಟು ಗಂಟೆ?

ಗಿರಣಿಯ ಬಾಗಿಲಲ್ಲಿ ಎಂಟು ಗಂಟೆ ಎಂದರೆ ಎಂಟು ಗಂಟೆಯೇ. ಹತ್ತು ನಿಮಿಷ ತಡವಾಗಿ ಹೋದ ಕಾರ್ಮಿಕ ಮೊದಲು ಕಾವಲುಗಾರನ ಗಡಸು ಮುಖ ನೋಡಬೇಕು, ಆಮೇಲೆ ಮೇಸ್ತ್ರಿಯ ಮಾತು ಕೇಳಬೇಕು, ತಿಂಗಳ ಕೊನೆಗೆ ಸಂಬಳದ ಚೀಟಿಯಲ್ಲಿ ಆ ಹತ್ತು ನಿಮಿಷವನ್ನು ಮತ್ತೊಮ್ಮೆ ಕಾಣಬೇಕು. ಪೇಟೆಯ ಸಣ್ಣ ವ್ಯಾಪಾರಿಯ ಪಾಡೂ ಬೇರೆಯಲ್ಲ. ಬ್ಯಾಂಕಿನ ಕಂತಿಗೆ ತಾರೀಖುಂಟು, ತೆರಿಗೆಯ ಲೆಕ್ಕಕ್ಕೆ ತಾರೀಖುಂಟು. ಒಂದು ದಿನ ತಪ್ಪಿದರೆ ದಂಡವುಂಟು. ಇಂಥವರು ದಿನವೆಲ್ಲ ದುಡಿದು ಮನೆಗೆ ಬಂದು, ಕೈಕಾಲು ತೊಳೆದು, ಟಿ.ವಿ. ಪೆಟ್ಟಿಗೆಯ ಮುಂದೆ ಕುಳಿತರೆ ಅಲ್ಲಿ ಮಾತ್ರ ಎಂಟು ಗಂಟೆ ಎಂಬುದು ಯಾವ ಗಂಟೆಯೂ ಆಗಬಹುದು!

ಪತ್ರಿಕೆಯಲ್ಲಿ ಎಂಟು ಎಂದಿದೆ. ಹಿಂದಿನ ದಿನವೆಲ್ಲ ಪರದೆಯ ಮೇಲೆ ಎಂಟು ಎಂದು ಕೂಗಿದ್ದಾರೆ. ಗುಂಡಿ ಒತ್ತಿದರೆ ಪರದೆಯಲ್ಲಿ ಮೂಡುವ ಕಾರ್ಯಕ್ರಮ ಪಟ್ಟಿಯೂ ಎಂಟು ಎನ್ನುತ್ತದೆ. ಎಂಟಕ್ಕೆ ಕುಳಿತರೆ ಏಳೂವರೆಯ ಧಾರಾವಾಹಿಯ ಅತ್ತೆ ಇನ್ನೂ ಸೊಸೆಯನ್ನು ಬಯ್ಯುತ್ತಲೇ ಇದ್ದಾಳೆ. ಅದು ಮುಗಿಯಿತೆಂದರೆ ಸಾಬೂನು, ಚಿನ್ನದ ಸಾಲ, ಹಲ್ಲುಪುಡಿ. ಎಂಟೂ ಹತ್ತಕ್ಕೆ ಆರಂಭವಾದರೆ ಪುಣ್ಯ. ಕೆಲವು ದಿನ ಇದರ ತಿರುಗುಮುರುಗು: ಕಾರ್ಯಕ್ರಮ ಎಂಟಕ್ಕೆ ಎರಡು ನಿಮಿಷ ಇರುವಾಗಲೇ ಶುರುವಾಗಿ, ಸರಿಯಾದ ಹೊತ್ತಿಗೆ ಕುಳಿತವನಿಗೆ ಮೊದಲ ದೃಶ್ಯವೇ ಇಲ್ಲ. 'ಮಹಾಸಂಚಿಕೆ' ಎಂದು ಅರ್ಧ ಗಂಟೆಯದನ್ನು ಒಂದು ಗಂಟೆಗೆ ಎಳೆಯುವುದು, 'ಮಹಾಸಂಗಮ' ಎಂದು ಎರಡು ಧಾರಾವಾಹಿಗಳನ್ನು ಗಂಟು ಹಾಕುವುದು, ವಾರಾಂತ್ಯದ ಆಟಪಾಟದ ಕಾರ್ಯಕ್ರಮ ಮಧ್ಯರಾತ್ರಿಯ ಅಂಚಿಗೆ ಹೋಗುವುದು, ಇವೆಲ್ಲ ಈಗ ನಿತ್ಯದ ಮಾತು.

ಇಷ್ಟು ಸಣ್ಣ ಸಂಗತಿಗೆ ಸಂಪಾದಕೀಯವೇ ಎಂದು ಕೆಲವು ಮಿತ್ರರು ಮೂಗು ಮುರಿಯಬಹುದು. ಅವರು ಲೆಕ್ಕ ಹಾಕಿ ನೋಡಲಿ. ದಿನಕ್ಕೆ ಹತ್ತು ನಿಮಿಷದ ಕಾಯುವಿಕೆ, ವಾರಕ್ಕೆ ಆರು ದಿನ ಎಂದರೆ ವಾರಕ್ಕೆ ಒಂದು ಗಂಟೆ. ವರ್ಷಕ್ಕೆ 52 ಗಂಟೆ. ಎಂಟು ಗಂಟೆಯ ಪಾಳಿಯ ಲೆಕ್ಕದಲ್ಲಿ ಇದು ಆರೂವರೆ ಪಾಳಿ. ಆರೂವರೆ ದಿನ ಸಂಬಳವಿಲ್ಲದೆ ದುಡಿಯಿರೆಂದು ಗಿರಣಿಯ ಮಾಲೀಕ ಹೇಳಿದ್ದರೆ ನಾವು ಬಾಗಿಲಲ್ಲಿ ಕೂಡುತ್ತಿದ್ದೆವು. ದುಡಿಮೆಯ ಎಂಟು ಗಂಟೆಯಷ್ಟೇ ಬಿಡುವಿನ ಗಂಟೆಯೂ ಶ್ರಮಜೀವಿಯ ಸ್ವತ್ತು. ಅದು ಅವನಿಗೆ ಯಾರೂ ದಾನ ಕೊಟ್ಟದ್ದಲ್ಲ, ಹೋರಾಡಿ ಗಳಿಸಿದ್ದು.

ನಷ್ಟ ಎಲ್ಲರಿಗೂ ಒಂದೇ ಸಮನಲ್ಲ ಎಂಬುದು ಇನ್ನೂ ಮುಖ್ಯ. ರಾತ್ರಿ ಪಾಳಿಗೆ ಹತ್ತು ಗಂಟೆಗೆ ಮನೆ ಬಿಡಬೇಕಾದವನು ಒಂಬತ್ತೂವರೆಗೆ ಮುಗಿಯಬೇಕಾದ ಕಾರ್ಯಕ್ರಮದ ಕೊನೆಯ ಭಾಗವನ್ನು ನೋಡದೆಯೇ ಚಪ್ಪಲಿ ಮೆಟ್ಟಬೇಕು. ಬೆಳಗಿನ ಪಾಳಿಯವನು ನಿದ್ದೆ ಬಿಡಬೇಕು. ಅಂಗಡಿಯ ಬಾಗಿಲು ಹಾಕಿ ಬರುವ ವ್ಯಾಪಾರಿ ಊಟದ ಹೊತ್ತನ್ನು ಧಾರಾವಾಹಿಗೆ ಹೊಂದಿಸಿಕೊಳ್ಳುತ್ತಾನೆ. ಅತ್ತ ಅಡಿಗೆಮನೆಯಲ್ಲಿ ಹೆಣ್ಣುಮಕ್ಕಳ ಮುಸುರೆ ಪಾತ್ರೆ ಹತ್ತೂವರೆಯವರೆಗೆ ಕಾಯುತ್ತದೆ. ಒಂದೇ ಕೋಣೆಯ ಮನೆಯಲ್ಲಿ ಪೆಟ್ಟಿಗೆ ಆರಿದ ಮೇಲೆಯೇ ಮಗುವಿಗೆ ಪಾಠ, ಪೆಟ್ಟಿಗೆ ಆರಿದ ಮೇಲೆಯೇ ಮುದುಕರಿಗೆ ನಿದ್ದೆ. ಹಣವಂತನಿಗೆ ಈ ತಾಪತ್ರಯವಿಲ್ಲ. ಅವನು ತಿಂಗಳ ಚಂದಾ ಕಟ್ಟಿ ತನಗೆ ಬೇಕಾದುದನ್ನು ಬೇಕಾದ ಹೊತ್ತಿಗೆ ಫೋನಿನಲ್ಲಿ ನೋಡುತ್ತಾನೆ, ಜಾಹೀರಾತೂ ಇಲ್ಲದೆ. ಹೇಳಿದ ವೇಳೆಯನ್ನು ನಂಬಿ ಕೂಡುವವನು ಇಂದು ಬಡವನೇ. ಆದ್ದರಿಂದಲೇ ಆ ವೇಳೆಗೆ ಮರ್ಯಾದೆ ಹೋಗಿದೆಯೋ ಏನೋ!

ಯಂತ್ರ ಕೈಕೊಡುತ್ತದೆಂಬ ನೆಪವನ್ನು ಯಾರೂ ಹೇಳಲಾರರು. ವಾಹಿನಿಯ ಪ್ರಸಾರ ಕೋಣೆಯಲ್ಲಿ ಯಾವ ಚಿತ್ರ ಯಾವ ಸೆಕೆಂಡಿಗೆ ಹೋಗಬೇಕೆಂಬುದನ್ನು ಕಂಪ್ಯೂಟರ್ ನಡೆಸುತ್ತದೆ. ಜಾಹೀರಾತಿನ ವೇಳೆ ಮಾರಾಟವಾಗುವುದು ಹತ್ತು ಸೆಕೆಂಡಿಗೆ ಇಷ್ಟು ಎಂಬ ದರದಲ್ಲಿ. ಸಾಬೂನಿನ ಕಂಪೆನಿ ಹತ್ತು ಸೆಕೆಂಡಿನ ಹಣ ಕೊಟ್ಟು ಒಂಬತ್ತೇ ಸೆಕೆಂಡು ಪಡೆದು ಸುಮ್ಮನಿರುವುದುಂಟೆ? ಜಾಹೀರಾತುದಾರನಿಗೆ ಸೆಕೆಂಡಿನ ಲೆಕ್ಕ, ನೋಡುಗನಿಗೆ ಅಂದಾಜಿನ ಲೆಕ್ಕ. ಮನಸ್ಸಿದ್ದರೆ ವೇಳೆ ಕಾಯಬಲ್ಲರು.

ಮನಸ್ಸಿಲ್ಲದಿರುವುದಕ್ಕೆ ಕಾರಣವುಂಟು. ಯಾವ ಕಾರ್ಯಕ್ರಮವನ್ನು ಎಷ್ಟು ಜನ ನೋಡಿದರೆಂಬುದನ್ನು ನಿಮಿಷ ನಿಮಿಷಕ್ಕೂ ಅಳೆಯುವ ಏರ್ಪಾಡಿದೆ, ಟಿ.ಆರ್.ಪಿ. ಎಂದು ಜನ ಕರೆಯುವುದು ಅದನ್ನೇ. 2015ರಿಂದ ಈ ಕೆಲಸ ನಡೆಸುತ್ತಿರುವುದು ವಾಹಿನಿಯವರು, ಜಾಹೀರಾತುದಾರರು, ಜಾಹೀರಾತು ಸಂಸ್ಥೆಗಳು ಕೂಡಿ ಕಟ್ಟಿದ ಬಾರ್ಕ್ ಎಂಬ ಸಂಸ್ಥೆ. ಅದರದೇ 2018ರ ಅಂದಾಜಿನಂತೆ ದೇಶದಲ್ಲಿ ಟಿ.ವಿ. ಇದ್ದ ಮನೆಗಳು 19.7 ಕೋಟಿ, ಅಳತೆಯ ಯಂತ್ರ ಕೂರಿಸಿದ್ದು ಕೆಲವೇ ಹತ್ತು ಸಾವಿರ ಮನೆಗಳಲ್ಲಿ. ಆ ಅಂಕಿಯ ಮೇಲೆ ಜಾಹೀರಾತಿನ ದರ ನಿಲ್ಲುತ್ತದೆ. ಎಲ್ಲ ವಾಹಿನಿಗಳೂ ಸರಿಯಾಗಿ ಎಂಟಕ್ಕೆ ಒಂದನ್ನು ಮುಗಿಸಿ ಇನ್ನೊಂದನ್ನು ಆರಂಭಿಸಿದರೆ ನೋಡುಗ ಆ ಗಳಿಗೆಯಲ್ಲಿ ಸ್ವತಂತ್ರ. ಗುಂಡಿ ಒತ್ತಿ ಬೇರೆ ಕಡೆಗೆ ಹೋದಾನು. ಹಾಗೆ ಹೋಗದಂತೆ ಮಾಡಲು ಗಂಟೆಯ ಹೊಡೆತಕ್ಕೆ ಸರಿಯಾಗಿ ಕಥೆಯನ್ನು ಕುತ್ತಿಗೆಗೆ ತಂದು ನಿಲ್ಲಿಸುತ್ತಾರೆ. ಅದು ಮುಗಿಯುವ ಹೊತ್ತಿಗೆ ಆಚೆ ವಾಹಿನಿಯದು ಅರ್ಧ ದಾಟಿರುತ್ತದೆ. ಸಂತೆಗೆ ಹೊರಟವನ ಎತ್ತಿನ ಕಣ್ಣಿ ಬಚ್ಚಿಟ್ಟಂತೆ.

ಈ ಉಪಾಯ ನಮ್ಮವರು ಕಂಡುಹಿಡಿದದ್ದೂ ಅಲ್ಲ. ಅಮೇರಿಕದ ಅಟ್ಲಾಂಟಾ ನಗರದ ಟೆಡ್ ಟರ್ನರ್ ಎಂಬ ಉದ್ಯಮಿ 1981ರಲ್ಲಿ ತನ್ನ ವಾಹಿನಿಯ ಕಾರ್ಯಕ್ರಮಗಳನ್ನು ಗಂಟೆ ಹೊಡೆದ ಐದು ನಿಮಿಷಕ್ಕೆ ಆರಂಭಿಸುವ ಪದ್ಧತಿ ತಂದ. ಪತ್ರಿಕೆಯ ಪಟ್ಟಿಯಲ್ಲಿ 7:05 ಎಂದು ಅವನದು ಪ್ರತ್ಯೇಕ ಸಾಲಾಗಿ ಕಣ್ಣಿಗೆ ಬೀಳುತ್ತಿತ್ತು. ಅವನದನ್ನು ಕೊನೆಯವರೆಗೆ ನೋಡಿದವರಿಗೆ ಬೇರೆಡೆಯ ಮೊದಲ ಐದು ನಿಮಿಷ ತಪ್ಪುತ್ತಿತ್ತು. ಜಾಣ ವ್ಯಾಪಾರ. ಆದರೂ ಆತ 7:05 ಎಂದು ಹೇಳಿ 7:05ಕ್ಕೇ ಆರಂಭಿಸುತ್ತಿದ್ದ ಎಂಬುದನ್ನು ಒಪ್ಪಬೇಕು. ನಮ್ಮವರು ಅಷ್ಟು ಪ್ರಾಮಾಣಿಕತೆಯನ್ನೂ ತೋರುವುದಿಲ್ಲ.

ನಮ್ಮ ಬಯಲಾಟಕ್ಕೂ ಕಂಪೆನಿ ನಾಟಕಕ್ಕೂ ಗಡಿಯಾರ ಎಲ್ಲಿತ್ತು ಎಂದು ಯಾರಾದರೂ ಕೇಳಿಯಾರು. ಬಯಲಾಟ ಬೆಳಗಿನವರೆಗೆ ಎಂದು ಊರಿಗೇ ಗೊತ್ತು. ಕಂಬಳಿ ಹೊದ್ದು ಬಂದವನು ಅದಕ್ಕೆ ಸಿದ್ಧನಾಗಿಯೇ ಬಂದವನು. ಕಂಪೆನಿ ನಾಟಕದಲ್ಲಿ ಗಂಟೆ ಹೊಡೆದ ಮೇಲೂ ಪರದೆ ಏಳದಿದ್ದರೆ ನೆಲದ ಮೇಲಿನ ಪ್ರೇಕ್ಷಕರ ಶಿಳ್ಳೆ ಮಾಲೀಕರ ಕಿವಿಗೆ ಮುಟ್ಟುತ್ತಿತ್ತು. ಇಂದಿನ ಮಾಲೀಕರ ಕಿವಿಗೆ ನಮ್ಮ ಮನೆಯ ಶಿಳ್ಳೆ ಮುಟ್ಟುವುದಾದರೂ ಹೇಗೆ?

ಸರ್ಕಾರಿ ದೂರದರ್ಶನದ ಕಾಲ ಸ್ವರ್ಗವಾಗಿತ್ತೆಂದು ನಾವು ಹೇಳುವುದಿಲ್ಲ. 1959ರ ಸೆಪ್ಟೆಂಬರ್ 15ರಂದು ದೆಹಲಿಯಲ್ಲಿ ಹುಟ್ಟಿದ ಆ ಸಂಸ್ಥೆ ಬಹುಕಾಲ ಮಂತ್ರಿಗಳ ಮುಖ ತೋರಿಸುವ ಕನ್ನಡಿಯೇ ಆಗಿತ್ತು. 'ಅಡಚಣೆಗಾಗಿ ವಿಷಾದ' ಎಂಬ ಫಲಕವನ್ನು ನೋಡಿ ನೋಡಿ ಒಂದು ತಲೆಮಾರು ಬೆಳೆಯಿತು. ಆದರೂ 1984ರಲ್ಲಿ 'ಹಮ್ ಲೋಗ್' ಬಂದಾಗ, 1987ರ ಜನವರಿಯಿಂದ ಭಾನುವಾರ ಬೆಳಗಿನ 9:30ಕ್ಕೆ 'ರಾಮಾಯಣ' ಬಂದಾಗ, ಬೀದಿಗಳು ಬರಿದಾದದ್ದು ಆ ವೇಳೆಯ ಮೇಲೆ ಜನಕ್ಕೆ ನಂಬಿಕೆಯಿದ್ದುದರಿಂದ. ಟಿ.ವಿ. ಇಲ್ಲದವರು ನೆರೆಮನೆಯ ಹೊಸ್ತಿಲಿಗೆ ಆ ಹೊತ್ತಿಗೇ ಬಂದು ಕೂಡುತ್ತಿದ್ದರು. ತಡವಾದರೆ ಹೇಳಿ ತಡವಾಗುತ್ತಿತ್ತು. ಈಗಿನವರಿಗೆ ವಿಷಾದದ ಫಲಕವೂ ಭಾರ.

ನ್ಯಾಯವಾಗಿ ಮಾತಾಡಬೇಕಾದರೆ ಗಡಿಯಾರವೊಂದೇ ದೇವರಲ್ಲ. ಕ್ರಿಕೆಟ್ ಪಂದ್ಯ ಮಳೆಗೆ ನಿಂತೀತು. ಪ್ರವಾಹ, ರೈಲು ಅಪಘಾತ, ಚುನಾವಣೆಯ ಎಣಿಕೆ ನಮ್ಮ ಪಟ್ಟಿ ಕೇಳಿ ನಡೆಯುವುದಿಲ್ಲ. ಗಡಿಯಾರವನ್ನೇ ಹಿಡಿದು ಕೆಟ್ಟವರ ಕಥೆಯೂ ಉಂಟು. 1968ರ ನವೆಂಬರ್ 17ರಂದು ಅಮೇರಿಕದಲ್ಲಿ ನ್ಯೂಯಾರ್ಕಿನ ಜೆಟ್ಸ್ ಮತ್ತು ಓಕ್‌ಲೆಂಡಿನ ರೈಡರ್ಸ್ ತಂಡಗಳ ಅಮೇರಿಕನ್ ಫುಟ್‌ಬಾಲ್ ಪಂದ್ಯ. ಜೆಟ್ಸ್ 32–29ರಿಂದ ಮುಂದಿತ್ತು. ಆಟ ಇನ್ನೊಂದು ನಿಮಿಷ ಉಳಿದಿತ್ತು. ಏಳು ಗಂಟೆ ಹೊಡೆಯಿತು. ಪ್ರಸಾರ ಮಾಡುತ್ತಿದ್ದ ಎನ್‌ಬಿಸಿ ಪೂರ್ವ ಭಾಗದ ಜನರಿಗೆ ಪಂದ್ಯವನ್ನು ಕಡಿದು, ಮೊದಲೇ ಗೊತ್ತುಮಾಡಿದ್ದ 'ಹೈಡಿ' ಎಂಬ ಮಕ್ಕಳ ಚಿತ್ರವನ್ನು ಹಚ್ಚಿತು. ಆ ಕೊನೆಯ ಗಳಿಗೆಯಲ್ಲಿ ರೈಡರ್ಸ್ ಎರಡು ಸಲ ಗುರಿ ಮುಟ್ಟಿ 43–32ರಿಂದ ಗೆದ್ದಿತು! ನೋಡುಗರು ಸಿಟ್ಟಿನಿಂದ ಮಾಡಿದ ಟೆಲಿಫೋನ್ ಕರೆಗಳಿಗೆ ಸಂಸ್ಥೆಯ ಸ್ವಿಚ್‌ಬೋರ್ಡೇ ಕೆಟ್ಟು ನಿಂತಿತು. ತಮಾಷೆಯೆಂದರೆ, ಪಂದ್ಯವನ್ನು ಮುಂದುವರಿಸಿ ಎಂದು ಮೇಲಧಿಕಾರಿಗಳು ಹೇಳಲು ಹೊರಟಿದ್ದರು. ಜನರ ಕರೆಗಳಿಂದ ತಂತಿಗಳೆಲ್ಲ ತುಂಬಿದ್ದರಿಂದ ಆ ಮಾತು ಪ್ರಸಾರ ಕೋಣೆಗೆ ಮುಟ್ಟಲಿಲ್ಲ. ಆಮೇಲೆ ಪಂದ್ಯದ ಫಲಿತಾಂಶವನ್ನು ಚಿತ್ರದ ಅತ್ಯಂತ ಕರುಣೆಯ ದೃಶ್ಯದ ಮೇಲೆ ಓಡಿಸಿ, ಚಿತ್ರ ನೋಡುತ್ತಿದ್ದವರ ಶಾಪವನ್ನೂ ಕಟ್ಟಿಕೊಂಡರು. ಅಲ್ಲಿಂದ ಮುಂದೆ ಪಂದ್ಯವನ್ನು ಕೊನೆ ಮುಟ್ಟಿಸಿಯೇ ಬೇರೆ ಕಾರ್ಯಕ್ರಮ ಎಂಬುದು ಆ ದೇಶದಲ್ಲಿ ಕಟ್ಟುಪಾಡಾಯಿತು. ನೋಡುಗರು ಗಲಾಟೆ ಮಾಡಿದ್ದರಿಂದಲೇ ಆಯಿತು ಎಂಬುದನ್ನು ಮರೆಯಬಾರದು. ಆದರೆ ಧಾರಾವಾಹಿಯ ಅತ್ತೆಗೂ ಸೊಸೆಗೂ ಮಳೆ ಅಡ್ಡ ಬರುವುದಿಲ್ಲ. ಅವರ ಜಗಳ ದಿನಗಳ ಮೊದಲೇ ಚಿತ್ರೀಕರಣವಾಗಿ, ಕತ್ತರಿಸಿ, ಅಳೆದು ಇಟ್ಟ ಸರಕು.

ಅಳತೆಯ ಮಾತಿಗೆ ಬರೋಣ. ನಮ್ಮ ಪೇಟೆಯ ಕಿರಾಣಿ ಅಂಗಡಿಯವನ ತಕ್ಕಡಿಗೂ ಬಟ್ಟಿಗೂ ಕಾಲಕಾಲಕ್ಕೆ ಮುದ್ರೆ ಬೀಳಬೇಕು. ಮುದ್ರೆ ಇಲ್ಲದ ತಕ್ಕಡಿ ಹಿಡಿದವನಿಗೆ 2009ರ ಕಾನೂನುಮಾಪನ ಕಾಯಿದೆಯಂತೆ ದಂಡ. ಪೊಟ್ಟಣದ ಮೇಲೆ ತೂಕ ಬರೆದು ಒಳಗೆ ಕಡಿಮೆ ತುಂಬಿದರೂ ತಪ್ಪು. ಸರಿಯಾದ ಕಾಯಿದೆ, ನಾವು ಅದನ್ನು ಆಕ್ಷೇಪಿಸುವುದಿಲ್ಲ. ಆದರೆ ಅರ್ಧ ಗಂಟೆ ಎಂದು ಹೆಸರು ಹಚ್ಚಿದ ಪೊಟ್ಟಣದಲ್ಲಿ ಕಥೆ ಎಷ್ಟು, ಕಲ್ಲು ಎಷ್ಟು ಎಂದು ಅಳೆಯುವವರು ಯಾರು?

ಅದಕ್ಕೂ ನಿಯಮವಿದೆ! 1994ರ ಕೇಬಲ್ ಟೆಲಿವಿಷನ್ ಜಾಲಗಳ ನಿಯಮಗಳಲ್ಲಿ ಏಳನೆಯದು ಹೇಳುವುದು ಇಷ್ಟು: ಗಂಟೆಯೊಂದಕ್ಕೆ 12 ನಿಮಿಷ ಮೀರಿ ಜಾಹೀರಾತು ಕೂಡದು, ಅದರಲ್ಲಿ ವ್ಯಾಪಾರದ ಜಾಹೀರಾತಿಗೆ 10 ನಿಮಿಷ, ವಾಹಿನಿ ತನ್ನನ್ನು ತಾನೇ ಹೊಗಳಿಕೊಳ್ಳುವುದಕ್ಕೆ 2 ನಿಮಿಷ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2012ರಲ್ಲಿಯೂ 2013ರಲ್ಲಿಯೂ ಪ್ರತ್ಯೇಕ ವಿನಿಯಮ ಹೊರಡಿಸಿ, ಲೆಕ್ಕ ಗಡಿಯಾರದ ಗಂಟೆ ಗಂಟೆಗೂ ಆಗಬೇಕೆಂದು ಸ್ಪಷ್ಟಪಡಿಸಿತು. ಅಂದರೆ ನಟ್ಟಿರುಳಿನ ಖಾಲಿ ನಿಮಿಷಗಳನ್ನು ರಾತ್ರಿ ಎಂಟರ ಲೆಕ್ಕಕ್ಕೆ ಜಮಾ ಮಾಡುವಂತಿಲ್ಲ. ವಾಹಿನಿಯವರು 2013ರಲ್ಲಿಯೇ ದೆಹಲಿ ಹೈಕೋರ್ಟಿಗೆ ಹೋದರು. ಬಲವಂತದ ಕ್ರಮ ಬೇಡವೆಂಬ ರಕ್ಷಣೆ ದೊರೆಯಿತು. ಮೊಕದ್ದಮೆ ವರ್ಷಗಟ್ಟಲೆ ವಾಯಿದೆಯ ಮೇಲೆ ವಾಯಿದೆಯಾಗಿ ನಡೆಯಿತು. ಕಿರಾಣಿ ಅಂಗಡಿಯವನಿಗೆ ಇಷ್ಟು ಉದ್ದದ ವಾಯಿದೆ ಎಂದಾದರೂ ಸಿಕ್ಕಿದೆಯೆ? ಸರ್ಕಾರವೂ ಟ್ರಾಯ್ ಮಹಾಶಯರೂ ಇದಕ್ಕೆ ಉತ್ತರ ಹೇಳಲಿ.

ತಮ್ಮ ವಾಹಿನಿ, ತಮ್ಮ ಇಷ್ಟ ಎಂದು ಮಾಲೀಕರು ವಾದಿಸಿಯಾರು. 1993ರ ಹೀರೋ ಕಪ್ ಕ್ರಿಕೆಟ್ಟಿನ ಪ್ರಸಾರದ ಜಗಳದಲ್ಲಿ ಸುಪ್ರೀಂ ಕೋರ್ಟು 1995ರ ಫೆಬ್ರವರಿಯಲ್ಲಿ ತೀರ್ಪು ಕೊಟ್ಟಿತು: ಆಕಾಶದ ತರಂಗಗಳು ಸಾರ್ವಜನಿಕ ಸ್ವತ್ತು, ಅವುಗಳ ಬಳಕೆ ಸಾರ್ವಜನಿಕ ಹಿತಕ್ಕಾಗಿ ನಡೆಯಬೇಕು. ಸ್ವತ್ತು ನಮ್ಮದು. ಅದರ ಮೇಲೆ ನಾವು ಹಣವನ್ನೂ ಕೊಡುತ್ತೇವೆ. 2019ರ ಫೆಬ್ರವರಿಯಲ್ಲಿ ಹೊಸ ದರ ಪದ್ಧತಿ ಬಂದಾಗ ಮೊದಲ ನೂರು ವಾಹಿನಿಗಳ ಜಾಲ ಶುಲ್ಕದ ಮಿತಿ ತೆರಿಗೆ ಬಿಟ್ಟು 130 ರೂಪಾಯಿ. ಹಣ ಕೊಟ್ಟು ನೋಡುವ ವಾಹಿನಿಗಳಿಗೆ ಬಿಡಿಬಿಡಿಯಾಗಿ ಬೇರೆ ಬೆಲೆ. ಟಿಕೇಟು ಕೊಂಡು ಒಳಗೆ ಬಂದವನನ್ನು ಬಾಗಿಲಲ್ಲಿ ಕಾಯಿಸಿ ಸಾಬೂನು ಮಾರುವುದು ಯಾವ ನ್ಯಾಯ?

ನಮ್ಮ ಬೇಡಿಕೆ ದೊಡ್ಡದೇನಲ್ಲ. ಪ್ರಕಟಿಸಿದ ವೇಳೆಗೆ ಆರಂಭಿಸಿ. ಐದು ನಿಮಿಷಕ್ಕಿಂತ ತಡವಾಗುವುದಾದರೆ ಪರದೆಯ ಕೆಳಗೆ ಎಷ್ಟು ಹೊತ್ತಿಗೆ ಎಂದು ಬರೆಯಿರಿ. ಜಾಹೀರಾತಿನ ಪಟ್ಟಿ ಓಡಿಸಲು ಇರುವ ಜಾಗದಲ್ಲಿ ಇದಕ್ಕೂ ಜಾಗವಿದೆ. ನೇರ ಪ್ರಸಾರ ಮೀರಿದರೆ ಮೀರಲಿ. ಅದರಿಂದ ಕೊಚ್ಚಿಹೋದ ಕಾರ್ಯಕ್ರಮವನ್ನು ಮತ್ತೆ ಯಾವಾಗ ತೋರಿಸುತ್ತೀರೆಂದು ಅಂದೇ ತಿಳಿಸಿ. 12 ನಿಮಿಷದ ನಿಯಮಕ್ಕೆ ಹಲ್ಲು ಬರಲಿ. ಹಾಗೆಯೇ ಕಾರ್ಯಕ್ರಮದ ವೇಳೆ ಪಾಲಿಸಬೇಕೆಂಬ ಒಂದು ಸಾಲನ್ನು ಆ ನಿಯಮಗಳಿಗೆ ಸೇರಿಸುವಂತೆ ನಮ್ಮ ಲೋಕಸಭಾ ಸದಸ್ಯರು, ಪಕ್ಷ ಯಾವುದೇ ಇರಲಿ, ದೆಹಲಿಯಲ್ಲಿ ಬಾಯಿ ಬಿಡಲಿ.

ಅಲ್ಲಿಯವರೆಗೆ ಓದುಗ ಬಂಧುಗಳು ಕೈಕಟ್ಟಿ ಕೂಡಬೇಕಾಗಿಲ್ಲ. 2021ರ ಜೂನ್‌ನಲ್ಲಿ ತಿದ್ದಿದ ನಿಯಮಗಳ ಪ್ರಕಾರ ಕಾರ್ಯಕ್ರಮ ಸಂಹಿತೆ ಅಥವಾ ಜಾಹೀರಾತು ಸಂಹಿತೆ ಮುರಿದ ವಾಹಿನಿಯ ಮೇಲೆ ಯಾರು ಬೇಕಾದರೂ ನೇರವಾಗಿ ಆ ವಾಹಿನಿಗೇ ದೂರು ಕೊಡಬಹುದು. 24 ಗಂಟೆಯೊಳಗೆ ದೂರು ಮುಟ್ಟಿತೆಂಬ ಸ್ವೀಕೃತಿ ಬರಬೇಕು, 15 ದಿನದೊಳಗೆ ಉತ್ತರ ಬರಬೇಕು. ಅದರಿಂದ ಸಮಾಧಾನವಾಗದಿದ್ದರೆ ವಾಹಿನಿಗಳ ಸ್ವಯಂ ನಿಯಂತ್ರಣ ಮಂಡಳಿಗೆ ಹೋಗಬಹುದು, ಅದಕ್ಕೂ ಮೇಲೆ ಕೇಂದ್ರ ಸರ್ಕಾರದ ಸಮಿತಿ ಇದೆ. 12 ನಿಮಿಷದ ಮಿತಿ ಜಾಹೀರಾತಿಗೆ ಸಂಬಂಧಿಸಿದ ಆ ಏಳನೆಯ ನಿಯಮದಲ್ಲಿಯೇ ಇರುವುದರಿಂದ ಈ ದಾರಿ ನಮಗೆ ತೆರೆದಿದೆ. ಒಂದು ವಾರ ಗಡಿಯಾರ ಎದುರಿಗಿಟ್ಟುಕೊಂಡು ಕುಳಿತುಕೊಳ್ಳಿ. ವಾಹಿನಿಯ ಹೆಸರು, ತಾರೀಖು, ಹೇಳಿದ ವೇಳೆ, ನಿಜವಾಗಿ ಆರಂಭವಾದ ವೇಳೆ, ಆ ಗಂಟೆಯಲ್ಲಿ ಬಂದ ಜಾಹೀರಾತಿನ ನಿಮಿಷ, ಇಷ್ಟನ್ನು ಬರೆದು ಕಳಿಸಿ. ಬರೆಯಲು ಬಾರದ ಹಿರಿಯರಿಗೆ ಶಾಲೆಗೆ ಹೋಗುವ ಮಕ್ಕಳು ಬರೆದುಕೊಡಲಿ. ಲೆಕ್ಕದ ಪಾಠವೂ ಆದೀತು. ದೂರಿನ ನಕಲೊಂದನ್ನು ನಮ್ಮ ಕಚೇರಿಗೆ ಮುಟ್ಟಿಸಿದರೆ, ಯಾವ ದೂರಿಗೆ ಎಷ್ಟು ದಿನದಲ್ಲಿ ಉತ್ತರ ಬಂತು, ಯಾವುದಕ್ಕೆ ಬರಲೇ ಇಲ್ಲ ಎಂಬುದನ್ನು ಇದೇ ಪುಟದಲ್ಲಿ ಪ್ರಕಟಿಸುತ್ತೇವೆ.